ಕತ್ತರಿಸೋ ಟೂಲ್ ಕೊಂಡ್ಕೊಳ್ಳಿ, ಹಿಡಿಯೋ ಟೂಲ್ ಮನೇಲೇ ಮಾಡ್ಕೊಳ್ಳಿ

ಮಾಡೆಲ್ ಮಾಡೋ ಹವ್ಯಾಸ ಹೊಸದಾಗಿ ಹಿಡಿದವರು ನನ್ನ ಹತ್ರ ಮೊದಲು ಕೇಳೋದೇ "ಯಾವ ಟೂಲ್ ಕಿಟ್ ತಗೊಳ್ಳಲಿ ಸಾರ್?" ಅಂತ. ಆನ್‌ಲೈನಲ್ಲಿ ದೊಡ್ಡ ದೊಡ್ಡ ಡಬ್ಬಿ ಸಿಗತ್ತೆ, ನೋಡೋಕೆ ಭಾರಿ ಚೆನ್ನಾಗಿರತ್ತೆ, ಅದರಲ್ಲಿ ಮೂರೋ ನಾಲ್ಕೋ ಕೈಗೆ ಬರತ್ತೆ, ಮಿಕ್ಕಿದ್ದು ಅಲ್ಲೇ ತುಕ್ಕು ಹಿಡೀತಾ ಕೂತಿರತ್ತೆ. ನಾನು ಆರ್ಕಿಟೆಕ್ಟ್‌ಗಳಿಗೆ, ಬಿಲ್ಡರ್‌ಗಳಿಗೆ ಕಟ್ಟಡದ ಸ್ಕೇಲ್ ಮಾಡೆಲ್ ಮಾಡಿಕೊಡೋನು. ನಮ್ಮ ವರ್ಕ್‌ಶಾಪಲ್ಲಿ ಹೊಸ ಹುಡುಗರಿಗೆ ಹೇಳೋದು ಇಷ್ಟೇ: ಬ್ಲೇಡು, ಡ್ರಿಲ್ ಬಿಟ್‌ಗಳು, ಅರ, ಇವಕ್ಕೆ ದುಡ್ಡು ಹಾಕಿ, ಯಾಕಂದ್ರೆ ಗಟ್ಟಿ ಮಾಡಿದ ಉಕ್ಕಿಗೆ ಮೊನೆ ಕೊಡೋದು ಮನೇಲಿ ಆಗೋ ಕೆಲಸ ಅಲ್ಲ. ಆದ್ರೆ ಪೀಸ್ ಹಿಡಿಯೋದು, ಅಳತೆಗೆ ನಿಲ್ಲಿಸೋದು, ಅದೇ ಕಟ್ಟನ್ನ ನೂರು ಸಲ ಒಂದೇ ಥರ ಮಾಡೋದು, ಇದೆಲ್ಲ ನೀವು ಏನು ಮಾಡ್ತಿದ್ದೀರ ಅನ್ನೋದರ ಮೇಲೆ ಹೋಗತ್ತೆ. ಅದು ಯಾವ ಫ್ಯಾಕ್ಟರಿಯವನಿಗೂ ಗೊತ್ತಿರಲ್ಲ.

ಮೊದಲು ಸ್ಟಾಪರ್ ಬಗ್ಗೆ ಹೇಳ್ತೀನಿ, ಯಾಕಂದ್ರೆ ಇದೊಂದು ಮಾಡ್ಕೊಂಡ್ರೆ ಅರ್ಧ ಕೆಲಸ ಸರಿಹೋಗತ್ತೆ. 1:100 ಸ್ಕೇಲಲ್ಲಿ ಅರ್ಧ ಎಂಎಂ ಅಂದ್ರೆ ನಿಜವಾದ ಕಟ್ಟಡದಲ್ಲಿ 5 ಸೆಂಟಿಮೀಟರ್. ಒಂದು ಬಾಲ್ಕನಿಗೆ ರೇಲಿಂಗ್ ಕಂಬಿ ಕಟ್ ಮಾಡ್ಬೇಕು, ಎಲ್ಲಾ 11 ಎಂಎಂ ಇರ್ಬೇಕು ಅಂತ ಇಟ್ಕೊಳ್ಳಿ, ನೀವು ಪ್ರತಿ ಸಲ ಸ್ಕೇಲ್ ಇಟ್ಟು, ಪೆನ್ಸಿಲಲ್ಲಿ ಗುರುತು ಹಾಕಿ, ಬ್ಲೇಡ್ ಇಟ್ಟು ಕತ್ತರಿಸಿದ್ರೆ ಮೂರು ಕಡೆ ತಪ್ಪು ಸೇರ್ಕೊಳ್ಳತ್ತೆ, ಪೆನ್ಸಿಲ್ ಗೆರೆಯ ದಪ್ಪವೇ ಎಷ್ಟೋ ಸಲ ಅರ್ಧ ಎಂಎಂ. ಮಜಾ ಏನಂದ್ರೆ ಎಲ್ಲಾ ಕಂಬಿನೂ 11.3 ಆಗಿಬಿಟ್ರೆ ಯಾರಿಗೂ ಗೊತ್ತಾಗಲ್ಲ. ಒಂದು 10.8, ಪಕ್ಕದ್ದು 11.3 ಆದ್ರೆ ಬಾಗಿಲಲ್ಲಿ ನಿಂತೋರಿಗೂ ಕಾಣತ್ತೆ. ಕಣ್ಣು ಅಳತೆ ಹಿಡಿಯಲ್ಲ, ವ್ಯತ್ಯಾಸ ಹಿಡಿಯತ್ತೆ. ಅದಕ್ಕೇ ಅಳೆಯೋದು ಒಂದೇ ಸಲ ಇರ್ಬೇಕು.

ಮಾಡೋದು ಹೀಗೆ. 12 ಎಂಎಂ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡು ಒಂದು, ಅಂಗೈಗಿಂತ ಸ್ವಲ್ಪ ದೊಡ್ಡದು. ಅದರ ಒಂದು ಅಂಚಿಗೆ ನೇರವಾದ ಅಲ್ಯುಮಿನಿಯಂ ಪಟ್ಟಿ ಅಂಟಿಸಿ, ಇದು ಬೇಲಿ. ಕಂಬಿಯನ್ನ ಬೇಲಿಗೆ ಒತ್ತಿ ಇಡ್ತೀರ, ಬೇಲಿಗೆ 90 ಡಿಗ್ರಿಯಲ್ಲಿ ಬ್ಲೇಡ್ ಬಂದು ಬೀಳ್ಬೇಕು. ಅದಕ್ಕೆ ಬೀರು ಬಾಗಿಲಿಗೆ ಹಾಕೋ ಸಾದಾ ತಿರುಪಿನ ಹಿಂಜ್ ಸಾಕು, ಅದರ ಓಡಾಡೋ ರೆಕ್ಕೆಗೆ ಒಂದು ಮರದ ಹಿಡಿ, ಹಿಡಿಯ ತುದಿಗೆ ಒಂದೇ ಅಂಚಿರೋ ರೇಜರ್ ಬ್ಲೇಡು. ಹಿಂಜ್ ಆಡ್ತಿದ್ರೆ ಅಂಗಡಿಯಲ್ಲೇ ವಾಪಸ್ ಇಟ್ಟುಬಿಡಿ, ಹತ್ತು ಹಿಂಜ್ ಅಲ್ಲಾಡಿಸಿ ನೋಡಿ ಗಟ್ಟಿ ಇರೋದು ತನ್ನಿ, ಅಂಗಡಿಯವನು ಬೈದ್ರೆ ಬೈಸ್ಕೊಳ್ಳಿ. ಬ್ಲೇಡಿಂದ 11 ಎಂಎಂ ದೂರಕ್ಕೆ ಒಂದು ಸಣ್ಣ ಅಕ್ರಿಲಿಕ್ ತುಂಡನ್ನ ಡಬಲ್ ಸೈಡ್ ಟೇಪಲ್ಲಿ ಅಂಟಿಸಿದ್ರೆ ಅದೇ ಸ್ಟಾಪರ್. ಕಂಬಿ ತಳ್ಳಿ, ತಾಗಿತು, ಒತ್ತಿ, ಮುಗೀತು. ಬ್ಲೇಡ್ ಬಂದು ಬೀಳೋ ಜಾಗಕ್ಕೆ ಹಳೇ ಕಟಿಂಗ್ ಮ್ಯಾಟಿನ ಚೂರು ಹಾಕಿ, ಇಲ್ಲಾಂದ್ರೆ ಎಂಡಿಎಫಲ್ಲಿ ಗುಂಡಿ ಬಿದ್ದು ಕಂಬಿಯ ಕೆಳಗಿನ ಅಂಚು ಕಿತ್ತು ಬರತ್ತೆ.

ಈಗ ಬಂದೇಬರತ್ತೆ ಪ್ರಶ್ನೆ, 90 ಡಿಗ್ರಿ ಇದ್ಯೋ ಇಲ್ವೋ ಹೇಗೆ ನೋಡೋದು. ದುಬಾರಿ ಸ್ಕ್ವೇರ್, ಅಂದ್ರೆ ಮೂಲೆಮಟ್ಟ, ಏನೂ ಬೇಡ. ನಿಮ್ಮ ಹತ್ರ ಇರೋ ಮೂಲೆಮಟ್ಟವನ್ನ ನೇರವಾದ ಒಂದು ಅಂಚಿಗೆ ಒತ್ತಿ ಒಂದು ಗೆರೆ ಎಳೀರಿ, ಅದನ್ನ ಮಗುಚಿ ಹಾಕಿ ಅದೇ ಬಿಂದುವಿಂದ ಇನ್ನೊಂದು ಗೆರೆ ಎಳೀರಿ. ಎರಡೂ ಒಂದರ ಮೇಲೊಂದು ಕೂತ್ರೆ ಸರಿ ಇದೆ, ಮೇಲೆ ಹೋಗ್ತಾ ಬೇರೆ ಆದ್ರೆ ಆ ಅಂತರದ ಅರ್ಧ ನಿಮ್ಮ ಮಟ್ಟದ ತಪ್ಪು. ಮಗುಚಿದಾಗ ತಪ್ಪು ಡಬಲ್ ಆಗಿ ಕಾಣೋದ್ರಿಂದ ಕಣ್ಣಿಗೆ ಸುಲಭ. ಹೀಗೆ ಸರಿ ಅಂತ ಗೊತ್ತಾದ ಮಟ್ಟವನ್ನ ಬೇಲಿಗೆ ಒತ್ತಿ ಬ್ಲೇಡ್ ನೋಡ್ಕೊಳ್ಳಿ. ಫ್ಯಾಬ್ರಿಕೇಷನ್ ಅಂಗಡಿಯ ಗುಜರಿಯಲ್ಲಿ ಸಿಗೋ ಅಲ್ಯುಮಿನಿಯಂ ಎಲ್ ಆಂಗಲ್‌ನ ಹೀಗೆ ಚೆಕ್ ಮಾಡಿ ಒಳ್ಳೇದನ್ನ ಆರಿಸ್ಕೊಂಡ್ರೆ ಗೋಡೆಗಳನ್ನ ಮೂಲೆಗೆ ಅಂಟಿಸೋ ಜಿಗ್ (ಪೀಸನ್ನ ಸರಿಯಾದ ಜಾಗದಲ್ಲಿ ಹಿಡಿದಿಡೋ ಟೂಲ್) ರೆಡಿ. ಒಂದೇ ಒಂದು ವಿಷಯ, ಮಾಡೆಲ್‌ನ ಮೂಲೆ ಬಂದು ಕೂರೋ ಜಾಗದಲ್ಲಿ ಜಿಗ್‌ಗೆ ಒಂದು ಕಚ್ಚು ಹಾಕಿ ಅಥವಾ ಬ್ರೌನ್ ಟೇಪ್ ಅಂಟಿಸಿ, ಇಲ್ಲಾಂದ್ರೆ ಹೊರಗೆ ಬಂದ ಫೆವಿಕ್ವಿಕ್ ಮಾಡೆಲ್ಲನ್ನೂ ಜಿಗ್ಗನ್ನೂ ಗಂಡ ಹೆಂಡತಿ ಮಾಡಿಬಿಡತ್ತೆ.

ಉಜ್ಜೋ ವಿಷಯ ಬೇಗ ಮುಗಿಸ್ತೀನಿ. ಬೆರಳಲ್ಲಿ ಎಮರಿ ಪೇಪರ್ ಹಿಡಿದು ಉಜ್ಜಿದ್ರೆ ಅಂಚು ದುಂಡಗಾಗತ್ತೆ, ಅದಕ್ಕೆ ಪೇಪರ್ ಹಿಂದೆ ಗಟ್ಟಿಯಾಗಿ ಏನಾದ್ರೂ ಇರ್ಬೇಕು. ಐಸ್ ಕ್ಯಾಂಡಿ ಕಡ್ಡಿಗಳನ್ನ ಪೇಪರ್ ಬೆನ್ನಿಗೆ ಸಾಲಾಗಿ ಅಂಟಿಸಿ, ಒಣಗಿದ ಮೇಲೆ ಸವೆದ ಬ್ಲೇಡಲ್ಲಿ (ಹೊಸದು ಹಾಳು ಮಾಡ್ಬೇಡಿ) ಬಿಡಿಸಿ. 220, 400, 600, 1000 ನಂಬರ್ ಪೇಪರ್ (ನಂಬರ್ ಜಾಸ್ತಿ ಆದಷ್ಟೂ ನಯ), ಇಷ್ಟು ಸಾಕು, ನಂಬರ್‌ನ ಕಡ್ಡಿ ತುದಿಯಲ್ಲಿ ಬರೀರಿ. ಇನ್ನು ಚಪ್ಪಟೆ ಮೈ ಬೇಕಾದ್ರೆ ಗ್ಲಾಸ್ ಅಂಗಡಿಯಲ್ಲಿ 8 ಎಂಎಂ ಗಾಜಿನ ತುಂಡು ಕೇಳಿ, ಅಂಚು ಉಜ್ಜಿಸ್ಕೊಂಡು ತನ್ನಿ, ಅದರ ಮೇಲೆ ವಾಟರ್ ಪೇಪರ್ ಒದ್ದೆ ಮಾಡಿ ಹಾಸಿದ್ರೆ ತಾನೇ ಅಂಟಿ ಕೂರತ್ತೆ.

ಕರ್ವ್‌ಗಳಿಗೆ ಮಾತ್ರ ನಾನು ಬಳೆ ಅಂಗಡಿಗೆ ಹೋಗ್ತೀನಿ, ನಗಬೇಡಿ. ಬಳೆ ಸೈಜ್ ಒಳಗಿನ ಅಡ್ಡಳತೆ, 2.4 ಅಂದ್ರೆ ಎರಡು ಇಂಚು ಮತ್ತೆ ಹದಿನಾರರಲ್ಲಿ ನಾಲ್ಕು ಪಾಲು, ಅಂದ್ರೆ 57 ಎಂಎಂ ಚಿಲ್ಲರೆ. 2.6 ಅಂದ್ರೆ 60.3, 2.8 ಅಂದ್ರೆ 63.5. ಮೆಟಲ್ ಬಳೆ ಒಂದೊಂದು ಸೈಜಿಗೆ ಒಂದೊಂದು ಇಟ್ಕೊಂಡ್ರೆ ಡ್ರೈವ್‌ವೇ ತಿರುವು, ಕಾರಂಜಿ ಕಟ್ಟೆ, ದುಂಡು ಬಾಲ್ಕನಿ ಎಲ್ಲಕ್ಕೂ ಟೆಂಪ್ಲೇಟ್ ಸಿಕ್ತು, ಹೊರಮೈಗೆ ಎಮರಿ ಪೇಪರ್ ಅಂಟಿಸಿದ್ರೆ ಕಮಾನಿನ ಒಳಭಾಗ ಉಜ್ಜೋ ಟೂಲೂ ಆಯ್ತು. ಗಾಜಿನ ಬಳೆ ಬೇಡ.

ರೈಲು ಮಾಡೆಲ್ ಮಾಡೋರಿಗೆ ಈ ಮನೆ ಟೂಲ್ ವಿಚಾರ ಹವ್ಯಾಸ ಅಲ್ಲ, ಅನಿವಾರ್ಯ. 1:87 ಸ್ಕೇಲಿಗೆ ಅಂಗಡಿಯಲ್ಲಿ ಸಿಗೋ ಹಳಿಯ ಗೇಜ್, ಅಂದ್ರೆ ಎರಡು ಹಳಿಗಳ ಮಧ್ಯದ ಅಂತರ, 16.5 ಎಂಎಂ, ಅದು ಯುರೋಪ್ ಅಮೆರಿಕದ 1435 ಎಂಎಂ ಗೇಜಿಗೆ ಹೊಂದೋ ಲೆಕ್ಕ. ನಮ್ಮ ಬ್ರಾಡ್ ಗೇಜ್ 1676 ಎಂಎಂ, 87ರಿಂದ ಭಾಗಿಸಿದ್ರೆ 19.26. ಸುಮಾರು ಜನ 16.5ರಲ್ಲೇ ಓಡಿಸ್ತಾರೆ, ತಪ್ಪೇನಿಲ್ಲ, ಆದ್ರೆ ಎದುರಿಂದ ನೋಡಿದ್ರೆ ನಮ್ಮ ಎಂಜಿನ್ ಕಾಲು ಕೂಡಿಸ್ಕೊಂಡು ನಿಂತ ಹಾಗೆ ಕಾಣತ್ತೆ, ಸರಿಯಾಗಿ ಬೇಕು ಅನ್ನೋರು ಹಳಿಯನ್ನ ತಾವೇ ಹಾಕ್ಬೇಕು. ಅದಕ್ಕೆ ಬೇಕಾದ ಎರಡು ಟೂಲ್ ಎಲ್ಲೂ ಸುಲಭಕ್ಕೆ ಸಿಗಲ್ಲ. ಒಂದು ಗೇಜ್ ತುಂಡು: 5 ಎಂಎಂ ಅಕ್ರಿಲಿಕನ್ನ 19.5ಕ್ಕೆ ಕತ್ತರಿಸಿ, ಆಮೇಲೆ ಆ ವಾಟರ್ ಪೇಪರ್ ಹಾಸಿದ ಗಾಜಿನ ಮೇಲೆ ಉಜ್ಜುತ್ತಾ ಡಿಜಿಟಲ್ ವರ್ನಿಯರಲ್ಲಿ ನೋಡ್ತಾ 19.26ಕ್ಕೆ ತನ್ನಿ. ಇದು ಎರಡು ಹಳಿಯ ಒಳಮೈಗಳ ಮಧ್ಯೆ ಕೂರೋ ತುಂಡು, ಗೇಜ್ ಅಳೆಯೋದೇ ಒಳಮೈಯಿಂದ. ಮೂರು ನಾಲ್ಕು ಮಾಡ್ಕೊಳ್ಳಿ, ಅಂಟು ಒಣಗೋ ತನಕ ಸಾಲಾಗಿ ಇಟ್ಟಿರ್ಬೇಕಾಗತ್ತೆ.

ಇನ್ನೊಂದು ಸ್ಲೀಪರ್ (ಹಳಿ ಕೆಳಗೆ ಅಡ್ಡ ಹಾಕೋ ಪಟ್ಟಿ) ಕೂರಿಸೋ ಬಾಚಣಿಗೆ. ನಮ್ಮ ಮೇನ್ ಲೈನಲ್ಲಿ ಕಿಲೋಮೀಟರಿಗೆ 1660 ಸ್ಲೀಪರ್ ಲೆಕ್ಕ, ಅಂದ್ರೆ ಮಧ್ಯದಿಂದ ಮಧ್ಯಕ್ಕೆ ಸುಮಾರು 602 ಎಂಎಂ, ನಮ್ಮ ಸ್ಕೇಲಲ್ಲಿ 6.9 ಎಂಎಂ. ಇದನ್ನ ಕೈಯಲ್ಲಿ ಗುರುತು ಹಾಕ್ತಾ ಹೋದ್ರೆ ಒಂದು ಮೀಟರ್ ಹಳಿಗೆ ನೂರ ನಲವತ್ತಕ್ಕೂ ಜಾಸ್ತಿ ಸ್ಲೀಪರ್, ಅರ್ಧಕ್ಕೆ ಬರೋ ಹೊತ್ತಿಗೆ ತಾಳ್ಮೆನೂ ಹೋಗತ್ತೆ ಅಳತೆನೂ ಹೋಗತ್ತೆ. ಲೇಸರ್ ಕಟಿಂಗ್ ಅಂಗಡಿಗೆ ಡ್ರಾಯಿಂಗ್ ಕೊಟ್ಟು 3 ಎಂಎಂ ಎಂಡಿಎಫಲ್ಲಿ ಇಪ್ಪತ್ತು ಕಚ್ಚಿನ ಒಂದು ಬಾಚಣಿಗೆ ಕತ್ತರಿಸ್ಕೊಂಡು ಬನ್ನಿ, ಸ್ಲೀಪರ್‌ಗಳನ್ನ ಕಚ್ಚಲ್ಲಿ ಕೂರಿಸಿ, ಮೇಲೆ ಮಾಸ್ಕಿಂಗ್ ಟೇಪ್ ಒತ್ತಿ ಎತ್ತಿದ್ರೆ ಇಪ್ಪತ್ತೂ ಒಟ್ಟಿಗೆ ಬರತ್ತೆ. ಕಚ್ಚಿನ ಅಗಲವನ್ನ ಸ್ಲೀಪರ್‌ಗಿಂತ ಒಂಚೂರು ಜಾಸ್ತಿ ಕೊಡಿ, ಲೇಸರ್ ಸುಟ್ಟ ಗೆರೆಯೂ ಸ್ವಲ್ಪ ಜಾಗ ತಿನ್ನತ್ತೆ ಅನ್ನೋದನ್ನ ಲೆಕ್ಕಕ್ಕೆ ತಗೊಂಡು.

ಗುಡ್ಡ, ದಿಣ್ಣೆ ಮಾಡೋಕೆ ಥರ್ಮಕೋಲ್ ಕತ್ತರಿಸೋ ಬಿಸಿ ತಂತಿ ಮಾತ್ರ ನನ್ನ ನಿಯಮಕ್ಕೆ ಹೊರತು, ಕತ್ತರಿಸೋ ಟೂಲ್ ಆದ್ರೂ ಮನೇಲಿ ಮಾಡಬಹುದು, ಆದ್ರೆ ಲೆಕ್ಕ ತಿಳ್ಕೊಂಡು ಮಾಡಿ. ಬೆಂಗಳೂರಲ್ಲಿರೋರಿಗೆ ಎಸ್‌ಪಿ ರೋಡಲ್ಲಿ ನೈಕ್ರೋಮ್ ತಂತಿ (ಕರೆಂಟ್ ಹರಿದ್ರೆ ಬಿಸಿಯಾಗೋ, ಹೀಟರಿಗೆ ಹಾಕೋ ಥರದ ತಂತಿ) ಹುಡುಕಿದ್ರೆ ಸಿಗತ್ತೆ. 0.3 ಎಂಎಂ ದಪ್ಪದ ತಂತಿಗೆ ಮೀಟರಿಗೆ ಸುಮಾರು 15.5 ಓಮ್. 30 ಸೆಂಟಿಮೀಟರ್ ತಗೊಂಡ್ರೆ 4.7 ಓಮ್, 12 ವೋಲ್ಟ್ ಅಡಾಪ್ಟರ್ ಹಾಕಿದ್ರೆ ಎರಡೂವರೆ ಆಂಪಿಯರ್, ಮೂವತ್ತು ವ್ಯಾಟ್, ಅಂದ್ರೆ ಸೆಂಟಿಮೀಟರಿಗೆ ಒಂದು ವ್ಯಾಟ್, ಥರ್ಮಕೋಲ್‌ಗೆ ಇದು ಹದ. ಅಡಾಪ್ಟರ್ 5 ಆಂಪಿಯರ್‌ದು ಇರ್ಲಿ. ಸುಮಾರು ಜನ ಎಡವೋದು ಎಲ್ಲಿ ಅಂದ್ರೆ ತಂತಿ ಚಿಕ್ಕದು ಮಾಡಿದ್ರೆ ಬಿಸಿ ಕಮ್ಮಿಯಾಗತ್ತೆ ಅಂದ್ಕೊಳ್ಳೋದ್ರಲ್ಲಿ, ಅದು ಉಲ್ಟಾ, ಉದ್ದ ಅರ್ಧ ಮಾಡಿದ್ರೆ ಕರೆಂಟ್ ಡಬಲ್, ಪ್ರತಿ ಸೆಂಟಿಮೀಟರಿಗೆ ಬೀಳೋ ಬಿಸಿ ನಾಲ್ಕು ಪಟ್ಟು, ತಂತಿ ಕೆಂಪಗಾಗಿ ಥರ್ಮಕೋಲ್ ಹೊತ್ಕೊಳ್ಳೋ ಹಂತಕ್ಕೆ ಬರತ್ತೆ. ತಂತಿ ಕೆಂಪಗೆ ಕಂಡ್ರೆ ಬಿಸಿ ಜಾಸ್ತಿ ಅಂತಲೇ ಅರ್ಥ, ಡಿಸಿ ಮೋಟಾರ್ ಸ್ಪೀಡ್ ಕಂಟ್ರೋಲರ್ ಒಂದು ಮಧ್ಯೆ ಹಾಕಿ ಇಳಿಸ್ಕೊಳ್ಳಿ. ಬಿಸಿಯಾದಾಗ 30 ಸೆಂಟಿಮೀಟರ್ ತಂತಿ ಒಂದು ಎಂಎಂಗಿಂತ ಸ್ವಲ್ಪ ಜಾಸ್ತಿ ಉದ್ದ ಆಗತ್ತೆ, ಸಡಿಲ ಆದ ತಂತಿ ಹೊಟ್ಟೆ ಬಿಟ್ಟು ಕತ್ತರಿಸತ್ತೆ, ಅದಕ್ಕೇ ಒಂದು ತುದಿಗೆ ಸ್ಪ್ರಿಂಗ್ ಇರಲೇಬೇಕು. ಮತ್ತೆ ಎರಡು ಮಾತು ಗಟ್ಟಿಯಾಗಿ ಹೇಳ್ತೀನಿ: ಫ್ಯಾನ್ ರೆಗ್ಯುಲೇಟರ್ ಮೂಲಕ ನೇರ ಮನೆ ಕರೆಂಟಿಗೆ ಕೊಡೋ ವಿಡಿಯೋ ನೋಡಿ ಹಾಗೆ ಮಾಡ್ಬೇಡಿ, ಮುಟ್ಟಿದ್ರೆ ಜೀವ ಹೋಗತ್ತೆ. ಮತ್ತೆ ಈ ತಂತಿಯಲ್ಲಿ ಸನ್‌ಬೋರ್ಡ್ ಕತ್ತರಿಸ್ಬೇಡಿ, ಅದು ಪಿವಿಸಿ, ಸುಟ್ಟಾಗ ಬರೋ ಹೊಗೆಯಲ್ಲಿ ಆ್ಯಸಿಡ್ ಇರತ್ತೆ. ಥರ್ಮಕೋಲ್ ಹೊಗೆನೂ ಒಳ್ಳೇದಲ್ಲ, ಕಿಟಕಿ ತೆಗೆದಿಡಿ.

ಅಂಟಿಗೆ ಒಂದು ಪುಟ್ಟ ಟೂಲ್. ದೊಡ್ಡ ಕಣ್ಣಿನ ಹೊಲಿಗೆ ಸೂಜಿಯ ಕಣ್ಣಿನ ತುದಿಯನ್ನ ಕಲ್ಲಲ್ಲಿ ಉಜ್ಜಿ ತೆಗೆದ್ರೆ ಎರಡು ಹಲ್ಲಿನ ಕವೆ ಥರ ಆಗತ್ತೆ, ಚೂಪು ಕಡೆಯನ್ನ ಬಿದಿರು ಕಡ್ಡಿಗೆ ಚುಚ್ಚಿ. ಫೆವಿಕ್ವಿಕಲ್ಲಿ ಅದ್ದಿದ್ರೆ ಹಲ್ಲುಗಳ ಮಧ್ಯೆ ಒಂದು ಸಣ್ಣ ಹನಿ ನಿಂತ್ಕೊಳ್ಳತ್ತೆ, ಜಾಯಿಂಟಿಗೆ ಮುಟ್ಟಿಸಿದ್ರೆ ತಾನೇ ಒಳಗೆ ಹೋಗತ್ತೆ. ತುದಿಯಲ್ಲಿ ಅಂಟು ಕಟ್ಕೊಂಡಾಗ ನೇಲ್ ಪಾಲಿಶ್ ರಿಮೂವರಲ್ಲಿ ಅದ್ದಿಡಿ, ಅಸಿಟೋನ್ ಇರೋದೇ ತಗೊಳ್ಳಿ. ಇಂಜೆಕ್ಷನ್ ಸೂಜಿನೂ ಹೀಗೇ, ಹೊಸದು ತಂದು ಓರೆ ತುದಿನ ಚಪ್ಪಟೆ ಉಜ್ಜಿದ್ರೆ ಸಣ್ಣ ದುಂಡು ಬಿಲ್ಲೆ ಹೊಡೆಯೋ ಪಂಚ್, 18 ಗೇಜ್ (ಇಲ್ಲಿ ಗೇಜ್ ಅಂದ್ರೆ ಸೂಜಿ ದಪ್ಪದ ನಂಬರ್) ಸೂಜಿಯಲ್ಲಿ ಸುಮಾರು 0.8 ಎಂಎಂ ಬಿಲ್ಲೆ ಬರತ್ತೆ, ಟ್ಯಾಂಕು ವಿಮಾನ ಮಾಡೋರಿಗೆ ಬೋಲ್ಟ್ ತಲೆಗೆ ಸಾಕು.

ಸ್ಪ್ರೇ ಮಾಡೋಕೆ ರಟ್ಟಿನ ಡಬ್ಬಿ, ಹಿಂದೆ ಎಕ್ಸಾಸ್ಟ್ ಫ್ಯಾನು, ಪೈಪಲ್ಲಿ ಹೊರಗೆ, ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನಂದ್ರೆ ತಿನ್ನರ್ ಆವಿ ಕಿಡಿಗೆ ಹೊತ್ಕೊಳ್ಳತ್ತೆ, ಹಾಗಾಗಿ ಕಾರ್ಬನ್ ಬ್ರಷ್ ಇರೋ ಮೋಟಾರ್ ಅಲ್ಲಿ ಬೇಡವೇ ಬೇಡ. ಬಚ್ಚಲಿಗೆ ಹಾಕೋ ಮಾಮೂಲಿ ಎಕ್ಸಾಸ್ಟ್ ಫ್ಯಾನಲ್ಲಿ ಇಂಡಕ್ಷನ್ ಮೋಟಾರ್ ಇರೋದ್ರಿಂದ ಒಳಗೆ ಕಿಡಿ ಏಳಲ್ಲ, ಸ್ವಿಚ್ ಮಾತ್ರ ಡಬ್ಬಿಯಿಂದ ದೂರ ಇರ್ಲಿ. ಪೀಸ್‌ಗಳನ್ನ ಮೊಸಳೆ ಕ್ಲಿಪ್ ಕಟ್ಟಿದ ಬಿದಿರು ಕಡ್ಡಿಗೆ ಸಿಗಿಸಿ ನಿಲ್ಲಿಸೋದು ಸರಿ, ಆದ್ರೆ ಆ ಕಡ್ಡಿಗಳನ್ನ ಥರ್ಮಕೋಲಿಗೆ ಚುಚ್ಬೇಡಿ, ಸ್ಪ್ರೇ ಬಿದ್ರೆ ಅದು ಕರಗಿ ಕಡ್ಡಿ ವಾಲತ್ತೆ. ಒಂದು ಡಬ್ಬಿ ಮರಳು ಸಾಕು.

ಜಿಗ್ ಮಾಡಿ ಮುಗಿದ ತಕ್ಷಣ ಅದರ ಮೈಮೇಲೇ ಪರ್ಮನೆಂಟ್ ಮಾರ್ಕರಲ್ಲಿ ಏನಕ್ಕೆ, ಯಾವ ಸ್ಕೇಲು, ಎಷ್ಟು ಎಂಎಂ ಅಂತ ಬರೆದಿಡಿ. ಆರು ತಿಂಗಳು ಬಿಟ್ಟು ಡ್ರಾಯರ್ ತೆಗೆದ್ರೆ ಎಲ್ಲಾ ಬರೀ ಮರದ ತುಂಡು ಥರ ಕಾಣತ್ತೆ, ಮನೆಯವರು ಕಸ ಅಂತ ಎಸೆದ್ರೆ ಅವರ ಮೇಲೆ ರೇಗೋ ಹಕ್ಕೂ ನಮಗಿರಲ್ಲ.