ಅಸ್ಮಾರಾದಿಂದ ಟುರಿನ್‌ವರೆಗೆ: ಬಿನಿಯಾಮ್ ಗಿರ್ಮಾಯ್ ಗೆಲುವಿನ ಹಿಂದಿರುವ ಎಂಟು ದಶಕ

2024ರ ಜುಲೈ 1ರಂದು, ಮೂರು ವಾರ ನಡೆಯುವ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸ್‌ನ ಮೂರನೆಯ ಹಂತ, ಅಂದರೆ ಒಂದು ದಿನದ ಸ್ಪರ್ಧೆ, ಇಟಲಿಯ ಪಿಯಾಚೆಂಜಾದಲ್ಲಿ ಆರಂಭವಾಗಿ, ಸುಮಾರು 230 ಕಿಲೋಮೀಟರ್ ದೂರದ ಟುರಿನ್ ನಗರದಲ್ಲಿ ಮುಗಿಯಿತು. ಗುರಿ ಇನ್ನೂ ಎರಡು ಕಿಲೋಮೀಟರ್‌ನಷ್ಟು ದೂರವಿದ್ದಾಗ ಗುಂಪಿನೊಳಗೆ ಅಪಘಾತವಾಗಿ ಕೊನೆಯ ಕ್ಷಣದ ವೇಗಕ್ಕೆ ಹೆಸರಾದ ಹಲವು ಪ್ರಮುಖ ಸವಾರರು (ಸ್ಪ್ರಿಂಟರ್‌ಗಳು) ಹಿಂದೆ ಉಳಿದರು. ಮುಂದೆ ಉಳಿದವರ ನಡುವೆ, ಬಲಬದಿಯ ತಡೆಬೇಲಿಗೂ ಪಕ್ಕದ ಸವಾರನಿಗೂ ಮಧ್ಯೆ ಉಳಿದಿದ್ದ ಕಿರಿದಾದ ಸಂದಿಯಲ್ಲಿ ನುಗ್ಗಿ ಬಂದ ಎರಿಟ್ರಿಯದ ಬಿನಿಯಾಮ್ ಗಿರ್ಮಾಯ್, ಕೊಲಂಬಿಯಾದ ಫರ್ನಾಂಡೊ ಗವಿರಿಯಾ ಅವರನ್ನು ಹಿಂದಿಕ್ಕಿ ಗೆದ್ದರು. 1903ರಲ್ಲಿ ಆರಂಭವಾದ ಟೂರ್‌ನಲ್ಲಿ ಕಪ್ಪು ವರ್ಣೀಯ ಆಫ್ರಿಕನ್ನರೊಬ್ಬರು ಒಂದು ಹಂತವನ್ನು ಗೆದ್ದದ್ದು ಅದೇ ಮೊದಲು. (ಎರಿಟ್ರಿಯದವರ ಹೆಸರಿನ ಎರಡನೆಯ ಭಾಗ ತಂದೆಯ ಹೆಸರಾದ್ದರಿಂದ ಇಲ್ಲಿ ಅವರನ್ನು ಬಿನಿಯಾಮ್ ಎಂದೇ ಕರೆಯಲಾಗಿದೆ.)

ಆ ದಿನ ಯುರೋಪಿನ ಪತ್ರಿಕೆಗಳು ಇದನ್ನು ಅಚ್ಚರಿಯೆಂಬಂತೆ ಬರೆದವು. ಆದರೆ ಎರಿಟ್ರಿಯದಲ್ಲಿ ಸೈಕಲ್ ರೇಸ್ ನಿನ್ನೆ ಮೊನ್ನೆಯದಲ್ಲ. ವೇಗವಾಗಿ ಪೆಡಲ್ ತುಳಿಯಬಲ್ಲ ಹುಡುಗರಿಗೆ ಅಸ್ಮಾರಾದಲ್ಲಿ ಎಂದೂ ಬರವಿರಲಿಲ್ಲ. ಅಲ್ಲಿಂದ ಯುರೋಪಿನ ರೇಸ್‌ಗಳವರೆಗೆ ಅವರನ್ನು ಕೊಂಡೊಯ್ಯುವ ದಾರಿ ಮಾತ್ರ ಇರಲಿಲ್ಲ. ಬಿನಿಯಾಮ್ ಅವರ ವೃತ್ತಿಜೀವನವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಆ ದಾರಿ ಯಾಕೆ ಇರಲಿಲ್ಲ, ಯಾರು ಅದನ್ನು ತುಂಡು ತುಂಡಾಗಿ ಕಟ್ಟಿದರು ಎಂಬುದನ್ನು ಮೊದಲು ನೋಡಬೇಕು.

ಎರಿಟ್ರಿಯ 1890ರಿಂದ 1941ರವರೆಗೆ ಇಟಲಿಯ ವಸಾಹತಾಗಿತ್ತು. ಸಮುದ್ರ ಮಟ್ಟದಿಂದ ಸುಮಾರು 2,300 ಮೀಟರ್ ಎತ್ತರದ ಅಸ್ಮಾರಾವನ್ನು ಇಟಾಲಿಯನ್ನರು ತಮ್ಮ ಊರುಗಳ ಮಾದರಿಯಲ್ಲೇ ಕಟ್ಟಿದರು. ಅಗಲವಾದ ರಸ್ತೆ, ಕಾಫಿ ಅಂಗಡಿ, ಸಿನಿಮಾ ಮಂದಿರಗಳ ಜೊತೆಗೆ ಸೈಕಲ್ಲೂ ಬಂತು. 1937ರಲ್ಲಿ ಅಲ್ಲಿ ಮೊದಲ ಕ್ಲಬ್ ರೇಸ್ ನಡೆದಾಗ ಸ್ಪರ್ಧಿಸಲು ಅವಕಾಶವಿದ್ದದ್ದು ಇಟಾಲಿಯನ್ನರಿಗೆ ಮಾತ್ರ. ಸ್ಥಳೀಯರ ದೇಹಕ್ಕೆ ಈ ಆಟದ ತಾಕತ್ತಿಲ್ಲ ಎಂಬುದು ಆಳುವವರ ನಂಬಿಕೆಯಾಗಿತ್ತು, ಫ್ಯಾಸಿಸ್ಟ್ ಸರ್ಕಾರದ ವರ್ಣಭೇದದ ಕಾನೂನುಗಳು ಅದಕ್ಕೆ ಬೆನ್ನೆಲುಬಾಗಿದ್ದವು. 1939ರಲ್ಲಿ ಇಟಾಲಿಯನ್ನರನ್ನೂ ಸ್ಥಳೀಯರನ್ನೂ ಒಟ್ಟಿಗೆ ಸ್ಪರ್ಧೆಗಿಳಿಸಿ ಒಂದು ಪರೀಕ್ಷೆಯ ರೇಸ್ ನಡೆಸಲಾಯಿತು. ಗೆದ್ದವರು ಎರಿಟ್ರಿಯದ ಗೆಬ್ರೆಮರಿಯಾಮ್ ಗೆಬ್ರು. ಈ ಒಂದು ಗೆಲುವಿಗೆ ಎರಿಟ್ರಿಯದ ಕ್ರೀಡಾ ಇತಿಹಾಸದಲ್ಲಿ ಇಂದಿಗೂ ಇರುವ ಗೌರವ ಸಣ್ಣದಲ್ಲ, ಅದು ಇರಬೇಕಾದದ್ದೇ.

ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ದೇಶವನ್ನು ಸುತ್ತುವ ಹಲವು ದಿನಗಳ ರೇಸ್ ಮೊದಲ ಬಾರಿಗೆ ನಡೆಯಿತು. ಆದರೆ ಅದು ಬೇರೂರುವ ಮೊದಲೇ ರಾಜಕೀಯ ಅಡ್ಡ ಬಂತು. 1952ರಲ್ಲಿ ಎರಿಟ್ರಿಯವನ್ನು ಇಥಿಯೋಪಿಯದೊಂದಿಗೆ ಒಕ್ಕೂಟವಾಗಿ ಸೇರಿಸಲಾಯಿತು, 1962ರಲ್ಲಿ ಪೂರ್ತಿ ವಿಲೀನಗೊಳಿಸಲಾಯಿತು. 1961ರಲ್ಲಿ ಆರಂಭವಾದ ಸ್ವಾತಂತ್ರ್ಯ ಯುದ್ಧ ಮೂವತ್ತು ವರ್ಷ ನಡೆಯಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಹೋದ ಇಥಿಯೋಪಿಯ ತಂಡದ ಸೈಕಲ್ ಸವಾರರಲ್ಲಿ ಎರಿಟ್ರಿಯದವರಿದ್ದರು. ಆದರೆ ಅವರ ಎದೆಯ ಮೇಲಿದ್ದದ್ದು ಇನ್ನೊಂದು ದೇಶದ ಹೆಸರು. ದೇಶದ ರೇಸ್ ಮತ್ತೆ ಶುರುವಾದದ್ದು ಸ್ವಾತಂತ್ರ್ಯ ಬಂದ ನಂತರ, 2001ರಲ್ಲಿ.

ಈ ದಶಕಗಳಲ್ಲೂ ಅಸ್ಮಾರಾದ ಜನ ಸೈಕಲ್ ಬಿಡಲಿಲ್ಲ. ಪೆಟ್ರೋಲ್ ದುಬಾರಿಯಾದ, ಕಾರುಗಳು ಕಡಿಮೆಯಿರುವ ಊರಿನಲ್ಲಿ ಅದು ದಿನಬಳಕೆಯ ವಾಹನ. ರೇಸ್ ನಡೆಯುವ ದಿನ ಬೀದಿಯ ಎರಡೂ ಬದಿ ಜನ ಕಿಕ್ಕಿರಿದು ನಿಲ್ಲುತ್ತಾರೆ. ಅಸ್ಮಾರಾದಿಂದ ಕೆಂಪು ಸಮುದ್ರದ ದಂಡೆಯ ಮಸ್ಸಾವಾಕ್ಕೆ ಇಳಿಯುವ ರಸ್ತೆ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ ಎರಡು ಸಾವಿರ ಮೀಟರ್‌ಗೂ ಹೆಚ್ಚು ಕೆಳಗಿಳಿಯುತ್ತದೆ. ಅದೇ ರಸ್ತೆಯಲ್ಲಿ ವಾಪಸ್ಸು ಹತ್ತಿದರೆ ಯುರೋಪಿನ ಯಾವ ಪರ್ವತಕ್ಕೂ ಕಡಿಮೆಯಿಲ್ಲದ ತರಬೇತಿಯಾಗುತ್ತದೆ.

ಹಾಗಿದ್ದೂ ಅಡ್ಡಿ ಏನಿತ್ತು? ರಸ್ತೆ ರೇಸ್ ಕೇವಲ ಶ್ವಾಸಕೋಶ ಮತ್ತು ತೊಡೆಗಳ ಆಟವಲ್ಲ. ನೂರೈವತ್ತಕ್ಕೂ ಹೆಚ್ಚು ಮಂದಿಯ ಗುಂಪಿನಲ್ಲಿ, ಕೈಗೆ ಕೈ ತಾಗುವಷ್ಟು ಹತ್ತಿರದಲ್ಲಿ, ಗಂಟೆಗೆ ಐವತ್ತು ಅರವತ್ತು ಕಿಲೋಮೀಟರ್ ವೇಗದಲ್ಲಿ ಜಾಗ ಹಿಡಿದುಕೊಳ್ಳುವುದು, ಅಡ್ಡಗಾಳಿ ಬೀಸಿದಾಗ ಗುಂಪು ಓರೆ ಸಾಲಾಗಿ ಒಡೆಯುವ ಮೊದಲೇ ಮುಂದೆ ಹೋಗಿರುವುದು, ಕಲ್ಲುಹಾಸಿನ ಕಿರಿದಾದ ದಾರಿಗೆ ತಿರುಗುವ ಮುನ್ನ ಮೊದಲ ಇಪ್ಪತ್ತರೊಳಗೆ ಇರುವುದು, ಇವೆಲ್ಲ ಯುರೋಪಿನಲ್ಲಿ ವರ್ಷಕ್ಕೆ ಹತ್ತಾರು ದಿನ ಸ್ಪರ್ಧಿಸಿದರೆ ಮಾತ್ರ ಬರುವ ವಿದ್ಯೆ. ಬೆಲ್ಜಿಯಂನ ಹುಡುಗನಿಗೆ ಮನೆಯಿಂದ ಅರ್ಧ ಗಂಟೆ ದೂರದಲ್ಲಿ ಪ್ರತಿ ವಾರ ರೇಸ್ ಇರುತ್ತದೆ. ಅಸ್ಮಾರಾದ ಹುಡುಗನಿಗೆ ಅದೇ ರೇಸ್‌ಗೆ ವೀಸಾ ಬೇಕು, ಸ್ವಂತ ದೇಶ ಬಿಟ್ಟು ಹೋಗಲು ಅನುಮತಿ ಬೇಕು, ವಿಮಾನದ ಖರ್ಚು ಬೇಕು, ಎಲ್ಲಕ್ಕಿಂತ ಮೊದಲು ಕರೆಯುವ ತಂಡ ಬೇಕು. ಯುವಕರನ್ನು ಕಡ್ಡಾಯ ರಾಷ್ಟ್ರೀಯ ಸೇವೆಯಲ್ಲಿ ಹಿಡಿದಿಡುವ ಎರಿಟ್ರಿಯ ಸರ್ಕಾರದ ನೀತಿಯಿಂದಾಗಿ ಆ ಅನುಮತಿ ಸುಲಭದ ಮಾತಲ್ಲ. ಹೋದವರು ಮರಳಿ ಬಾರದಿರಬಹುದು ಎಂಬ ಸಂಶಯದಿಂದ ಯುರೋಪಿನ ರಾಯಭಾರ ಕಚೇರಿಗಳೂ ವೀಸಾ ಕೊಡಲು ಹಿಂದೆ ಮುಂದೆ ನೋಡುತ್ತವೆ. ಪ್ರತಿಭೆ ಸೋರಿ ಹೋದದ್ದು ಇಲ್ಲಿ.

ಈ ಅಂತರವನ್ನು ತುಂಬಲು ಮೊದಲು ನೆರವಾದದ್ದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಸ್ವಿಟ್ಜರ್ಲೆಂಡಿನ ಐಗ್ಲ್‌ನಲ್ಲಿ ನಡೆಸುವ ತರಬೇತಿ ಕೇಂದ್ರ. ಸೈಕ್ಲಿಂಗ್ ವ್ಯವಸ್ಥೆ ಬಲವಾಗಿಲ್ಲದ ದೇಶಗಳ ಹುಡುಗ ಹುಡುಗಿಯರನ್ನು ಕರೆಸಿ, ಉಳಿಸಿಕೊಂಡು, ಯುರೋಪಿನ ರೇಸ್‌ಗಳಿಗೆ ಇಳಿಸುವುದು ಅದರ ಕೆಲಸ. ಅಲ್ಲಿ ಪಳಗಿದ ಡೇನಿಯಲ್ ಟೆಕ್ಲೆಹೈಮನೊಟ್ 2012ರಲ್ಲಿ ಸ್ಪೇನಿನ ಮೂರು ವಾರಗಳ ರೇಸ್ ವುಯೆಲ್ಟಾದಲ್ಲಿ ಸ್ಪರ್ಧಿಸಿದರು. ಎರಡನೆಯ ನೆರವು ದಕ್ಷಿಣ ಆಫ್ರಿಕಾದ ಎಂಟಿಎನ್-ಕುಬೇಕಾ ತಂಡ. ಆಫ್ರಿಕಾದಲ್ಲಿ ನೋಂದಾಯಿತ ತಂಡವೊಂದು ಮೊದಲ ಬಾರಿಗೆ 2015ರ ಟೂರ್‌ಗೆ ಆಹ್ವಾನ ಪಡೆದಾಗ ಅದರಲ್ಲಿ ಟೆಕ್ಲೆಹೈಮನೊಟ್ ಮತ್ತು ಮೆರ್ಹಾವಿ ಕುಡುಸ್ ಎಂಬ ಇಬ್ಬರು ಎರಿಟ್ರಿಯದವರಿದ್ದರು. ಆರನೆಯ ಹಂತದಲ್ಲಿ ಸಣ್ಣ ಸಣ್ಣ ದಿಬ್ಬಗಳ ಅಂಕಗಳನ್ನು ಗಳಿಸಿದ ಟೆಕ್ಲೆಹೈಮನೊಟ್, ಬೆಟ್ಟ ಹತ್ತುವವರಿಗೆ ಮೀಸಲಾದ ಕೆಂಪು ಚುಕ್ಕೆಯ ಜೆರ್ಸಿಯನ್ನು ತೊಟ್ಟರು. ಟೂರ್‌ನಲ್ಲಿ ಆ ಜೆರ್ಸಿ ತೊಟ್ಟ ಮೊದಲ ಆಫ್ರಿಕನ್ ಅವರು. ಆಗ ಬಿನಿಯಾಮ್‌ಗೆ ಹದಿನೈದು ವರ್ಷ.

ಬಿನಿಯಾಮ್ 2000ದ ಏಪ್ರಿಲ್ 2ರಂದು ಅಸ್ಮಾರಾದಲ್ಲಿ ಹುಟ್ಟಿದರು. ತಂದೆ ಬಡಗಿ, ಜುಲೈ ತಿಂಗಳಲ್ಲಿ ಮನೆಮಂದಿ ಟಿವಿಯ ಮುಂದೆ ಕುಳಿತು ಟೂರ್ ನೋಡುವ ರೂಢಿಯಿತ್ತು. 2018ರಲ್ಲಿ ಆಫ್ರಿಕಾದ ಜೂನಿಯರ್ ಚಾಂಪಿಯನ್ ಆಗಿ ಐಗ್ಲ್‌ಗೆ ಬಂದ ಅವರು, ಅದೇ ವರ್ಷ ಬೆಲ್ಜಿಯಂನ ಜೂನಿಯರ್ ರೇಸ್ ಒಂದರ ಹಂತದಲ್ಲಿ, ಮುಂದೆ ಒಲಿಂಪಿಕ್ ಚಿನ್ನ ಗೆದ್ದ ಬೆಲ್ಜಿಯಂನ ರೆಮ್ಕೊ ಎವೆನೆಪೂಲ್ ಅವರನ್ನು ಮೀರಿಸಿದರು. 2020ರಲ್ಲಿ ಫ್ರಾನ್ಸಿನ ಡೆಲ್ಕೊ ತಂಡದೊಂದಿಗೆ ವೃತ್ತಿಪರರಾದರು. ಆದರೆ ಡೆಲ್ಕೊ ಹಣದ ಮುಗ್ಗಟ್ಟಿಗೆ ಸಿಲುಕಿತು, 2021ರ ಕೊನೆಗೆ ಮುಚ್ಚಿಹೋಯಿತು. ಅಷ್ಟರೊಳಗೆ ಬೆಲ್ಜಿಯಂನ ಇಂಟರ್‌ಮಾರ್ಶೆ ತಂಡ ಅವರನ್ನು ಸೇರಿಸಿಕೊಂಡಿತ್ತು. ಆ ಸೆಪ್ಟೆಂಬರ್‌ನಲ್ಲಿ ಲೂವೆನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ 23 ವರ್ಷದೊಳಗಿನವರ ರೇಸ್‌ನಲ್ಲಿ ಅವರು ಬೆಳ್ಳಿ ಗೆದ್ದರು.

ಎತ್ತರದ ಊರಿನ ಎರಿಟ್ರಿಯದವರು ಬೆಟ್ಟ ಹತ್ತಲಿಕ್ಕೆ ಮಾತ್ರ ಸೈ ಎಂಬ ಅಭಿಪ್ರಾಯ ಆವರೆಗೆ ಗಟ್ಟಿಯಾಗಿತ್ತು. ಬಿನಿಯಾಮ್ ಅದನ್ನು ಬೇರೆಲ್ಲೂ ಅಲ್ಲ, ಬೆಲ್ಜಿಯಂನ ಕಲ್ಲುಹಾಸಿನ ಮೇಲೆಯೇ ಮುರಿದರು. 2022ರ ಮಾರ್ಚ್ 27ರಂದು ಸುಮಾರು 250 ಕಿಲೋಮೀಟರ್‌ನ ಘೆಂಟ್-ವೆವೆಲ್ಗೆಮ್ ರೇಸ್‌ನಲ್ಲಿ ನಾಲ್ವರ ಗುಂಪಿನೊಂದಿಗೆ ಕೊನೆಗೆ ತಲುಪಿ, ಯಾರೂ ನಿರೀಕ್ಷಿಸದಷ್ಟು ದೂರದಿಂದ ಸ್ಪ್ರಿಂಟ್ ಆರಂಭಿಸಿ ಗೆದ್ದರು. ಎರಡೇ ತಿಂಗಳೊಳಗೆ, ಮೇ 17ರಂದು, ಇಟಲಿಯ ಮೂರು ವಾರಗಳ ರೇಸ್ ಜಿರೊ ಡಿ ಇಟಾಲಿಯಾದ ಹತ್ತನೆಯ ಹಂತ ಯೇಸಿ ಪಟ್ಟಣದಲ್ಲಿ ಮುಗಿದಾಗ ನೆದರ್‌ಲ್ಯಾಂಡ್ಸ್‌ನ ಮ್ಯಾಥ್ಯೂ ವಾನ್ ಡರ್ ಪೂಲ್ ಕೊನೆಯ ಮೀಟರುಗಳವರೆಗೂ ಅವರ ಪಕ್ಕದಲ್ಲೇ ಇದ್ದರು. ಇನ್ನು ಸಾಧ್ಯವಿಲ್ಲವೆನಿಸಿದಾಗ ಹೆಬ್ಬೆರಳೆತ್ತಿ ಮೆಚ್ಚುಗೆ ಸೂಚಿಸಿದರು. ಆ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ವಿಜಯ ವೇದಿಕೆಯಲ್ಲಿ ಪ್ರೊಸೆಕ್ಕೊ ಎಂಬ ನೊರೆಯುಕ್ಕುವ ವೈನ್ ಬಾಟಲಿಯ ಬಿರಡೆ ಸಿಡಿದು ಎಡಗಣ್ಣಿಗೆ ಬಡಿಯಿತು, ಆಸ್ಪತ್ರೆಗೆ ಹೋದ ಬಿನಿಯಾಮ್ ಮರುದಿನ ರೇಸ್‌ಗೆ ಇಳಿಯಲಾಗಲಿಲ್ಲ.

ಮುಂದಿನ ವರ್ಷ ಬೆಲ್ಜಿಯಂನ ಒಂದು ದಿನದ ರೇಸ್ ಟೂರ್ ಆಫ್ ಫ್ಲಾಂಡರ್ಸ್‌ನಲ್ಲಿ ಬಿದ್ದು ತಲೆಗೆ ಪೆಟ್ಟಾಯಿತು, ಅವರ ಮೊದಲ ಟೂರ್ ಡಿ ಫ್ರಾನ್ಸ್‌ನಲ್ಲಿ ಗೆಲುವು ಸಿಗಲಿಲ್ಲ. 2024ರ ಜಿರೊದಲ್ಲಿ ಬಿದ್ದು ನಾಲ್ಕನೆಯ ದಿನವೇ ಹೊರಬಂದರು. ಎರಡು ತಿಂಗಳ ನಂತರ ಟುರಿನ್. ಅದಾದ ಮೇಲೆ ಅದೇ ಟೂರ್‌ನಲ್ಲಿ ಕೊಲೊಂಬೆ-ಲೆ-ದೂ-ಎಗ್ಲೀಸ್‌ನ ಏರುದಾರಿಯ ಸ್ಪ್ರಿಂಟ್‌ನಲ್ಲಿ ಬೆಲ್ಜಿಯಂನ ಸ್ಪ್ರಿಂಟರ್ ಯಾಸ್ಪರ್ ಫಿಲಿಪ್ಸೆನ್ ಅವರನ್ನು ಸೋಲಿಸಿದರು, ವಿಲ್ನೆವ್-ಸುರ್-ಲೋದಲ್ಲಿ ಮೂರನೆಯ ಬಾರಿ ಗೆದ್ದರು. ಹಂತಗಳ ಕೊನೆಯಲ್ಲಿ ಮತ್ತು ದಾರಿಯ ನಡುವಿನ ಗುರುತಿನಲ್ಲಿ ಸಿಗುವ ಅಂಕಗಳ ಮೊತ್ತಕ್ಕೆ 1953ರಿಂದ ಹಸಿರು ಜೆರ್ಸಿ ಕೊಡಲಾಗುತ್ತಿದೆ. ನೀಮ್‌ನಲ್ಲಿ ಗುರಿಯ ಹತ್ತಿರ ಬಿದ್ದು ಗಾಯಗೊಂಡ ಬಿನಿಯಾಮ್, ಆ ನೋವಿನಲ್ಲೇ ಆಲ್ಪ್ಸ್ ದಾಟಿ, ಫಿಲಿಪ್ಸೆನ್ ಅವರ 354 ಅಂಕಗಳಿಗೆ ಎದುರಾಗಿ 387 ಅಂಕಗಳೊಂದಿಗೆ ನೀಸ್‌ನಲ್ಲಿ ಆ ಜೆರ್ಸಿಯನ್ನು ತಮ್ಮದಾಗಿಸಿಕೊಂಡರು. ಟೂರ್‌ನ ಯಾವುದೇ ಪ್ರಮುಖ ಜೆರ್ಸಿಯನ್ನು ಕೊನೆಯವರೆಗೂ ಉಳಿಸಿಕೊಂಡ ಮೊದಲ ಕಪ್ಪು ವರ್ಣೀಯ ಆಫ್ರಿಕನ್ ಅವರು.

ಇಂದು ಆಫ್ರಿಕಾದ ಚಾಂಪಿಯನ್ ಆಗಿದ್ದ ಹೆನೊಕ್ ಮುಲುಬ್ರಹಾನ್, ನತ್ನಾಯೆಲ್ ಟೆಸ್ಫಾಟ್ಸಿಯೊನ್ ಅವರಂಥ ಎರಿಟ್ರಿಯದ ಇನ್ನೂ ಕೆಲವರು ಯುರೋಪಿನ ದೊಡ್ಡ ತಂಡಗಳಲ್ಲಿದ್ದಾರೆ. 2025ರ ಸೆಪ್ಟೆಂಬರ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಮೊದಲ ಬಾರಿಗೆ ಆಫ್ರಿಕಾದ ನೆಲದಲ್ಲಿ, ರುವಾಂಡಾದ ಕಿಗಾಲಿಯಲ್ಲಿ ನಡೆಯಿತು. ಆದರೆ ದಾರಿ ಗಟ್ಟಿಯಾಯಿತೆಂದು ಹೇಳಲು ನನಗೆ ಧೈರ್ಯ ಬರುವುದಿಲ್ಲ. ಟೆಕ್ಲೆಹೈಮನೊಟ್‌ಗೆ ಟೂರ್‌ನ ಬಾಗಿಲು ತೆರೆದ ಕುಬೇಕಾ ತಂಡ, ಹಲವು ಹೆಸರುಗಳಲ್ಲಿ ಮುಂದುವರಿದು, ಪ್ರಾಯೋಜಕರಿಲ್ಲದೆ 2021ರ ಕೊನೆಗೆ ನಿಂತುಹೋಯಿತು. ಬಿನಿಯಾಮ್‌ಗೆ ಮೊದಲ ಒಪ್ಪಂದ ಕೊಟ್ಟ ಡೆಲ್ಕೊ ಅದೇ ವರ್ಷ ಮುಚ್ಚಿತು. ಇಂಟರ್‌ಮಾರ್ಶೆಯೂ 2025ರ ಕೊನೆಗೆ ಲೊಟ್ಟೊ ತಂಡದೊಂದಿಗೆ ವಿಲೀನವಾಯಿತು, ಬಿನಿಯಾಮ್ 2026ಕ್ಕೆ ಎನ್‌ಎಸ್‌ಎನ್ ತಂಡಕ್ಕೆ ಹೋದರು. ಹಸಿರು ಜೆರ್ಸಿ ಗೆದ್ದವರಿಗೆ ಹೊಸ ತಂಡ ಸಿಗುವುದು ಕಷ್ಟವಲ್ಲ. ಅಸ್ಮಾರಾದಲ್ಲಿ ಈಗ ಹದಿನೇಳು ವರ್ಷದ ಸವಾರನಿಗೆ ಮೊದಲ ಒಪ್ಪಂದ ಕೊಡಬಲ್ಲ ಸಣ್ಣ ಮತ್ತು ಮಧ್ಯಮ ತಂಡಗಳೇ ಒಂದೊಂದಾಗಿ ಕಡಿಮೆಯಾಗುತ್ತಿವೆ, ಅವುಗಳ ಜಾಗದಲ್ಲಿ ಆಫ್ರಿಕಾದಿಂದ ಬಂದ ಇನ್ನೊಂದು ತಂಡ ಟೂರ್‌ನ ಸಾಲಿಗೆ ಇನ್ನೂ ಸೇರಿಲ್ಲ.