ಬ್ಯಾಗಿನ ತಳದಲ್ಲಿ ಸ್ವಿಚ್ ಆಫ್ ಆಗಿರೋ ಫೋನು

ಅಮೆರಿಕದಲ್ಲಿ ಇಂಜಿನಿಯರ್ ಆಗಿದೀನಿ ಅಂದ್ರೆ ನಮ್ಮ ಕಡೆ ಎಲ್ರೂ ಸಾಫ್ಟ್‌ವೇರ್ ಅಂದ್ಕೋತಾರೆ. ಇಲ್ಲಿ ರೈಲು ಓಡಿಸೋನಿಗೇ ಇಂಜಿನಿಯರ್ ಅನ್ನೋದು, ಮೊದಲು ಗೂಡ್ಸ್ ಗಾಡೀಲಿ ಕಂಡಕ್ಟರ್ ಆಗಿದ್ದೆ (ಟಿಕೆಟ್ ಹರಿಯೋ ಕಂಡಕ್ಟರ್ ಅಲ್ಲ, ಗಾಡಿಯ ಪೇಪರ್ರು, ಹಳಿ ಬದಲಿಸೋ ಸ್ವಿಚ್ಚು, ವ್ಯಾಗನ್ ಜೋಡ್ಸೋದು ಬಿಡ್ಸೋದು ಎಲ್ಲಾ ಅವನ ತಲೆ ಮೇಲೆ), ಆಮೇಲೆ ಇಂಜಿನಿಯರ್ ಆದೆ, ಈಗ ಕೆಲವು ವರ್ಷದಿಂದ ಹೊಸದಾಗಿ ಸೇರೋರಿಗೆ ರೂಲ್ಸ್ ಕ್ಲಾಸ್ ತಗೋತೀನಿ. ಬ್ರೇಕ್ ಟೆಸ್ಟ್ ಬಗ್ಗೆ ಯಾರೂ ಜಗಳ ಆಡಲ್ಲ, ಸಿಗ್ನಲ್ ಬಗ್ಗೆ ಆಡಲ್ಲ, ಮೊಬೈಲ್ ಚಾಪ್ಟರ್ ಬಂದ್ರೆ ಮಾತ್ರ ಪ್ರತಿ ಬ್ಯಾಚಲ್ಲೂ ಒಬ್ಬ ಕೈ ಎತ್ತೇ ಎತ್ತುತ್ತಾನೆ: "ಸೈಲೆಂಟಲ್ಲಿ ಜೇಬಲ್ಲಿ ಇಟ್ಕೊಂಡ್ರೆ ಏನ್ ತೊಂದ್ರೆ?"

ಕಾನೂನು ಏನ್ ಹೇಳತ್ತೆ ಅಂದ್ರೆ, ಇಲ್ಲಿನ ಫೆಡರಲ್ ರೈಲ್‌ರೋಡ್ ಅಡ್ಮಿನಿಸ್ಟ್ರೇಷನ್ ನಿಯಮಗಳಲ್ಲಿ ಭಾಗ 220 ಅಂತ ಒಂದಿದೆ, ಅದರ ಪ್ರಕಾರ ಗಾಡಿ ಚಲಿಸ್ತಾ ಇದ್ದಾಗ ಸಿಬ್ಬಂದಿಯ ಸ್ವಂತ ಫೋನು ಆಫ್ ಆಗಿರ್ಬೇಕು, ಕಿವೀಲಿ ಇಯರ್‌ಫೋನ್ ಇದ್ರೆ ಅದನ್ನ ತೆಗೆದಿರ್ಬೇಕು. ಶಂಟಿಂಗ್ ಮಾಡೋವಾಗ ಸಿಬ್ಬಂದಿಯಲ್ಲಿ ಒಬ್ರು ಕೆಳಗೆ ನೆಲದ ಮೇಲಿದ್ರೂ, ವ್ಯಾಗನ್ ಪಕ್ಕ ನೇತಾಡ್ಕೊಂಡು ಹೋಗ್ತಿದ್ರೂ ಅಷ್ಟೇ, ಗಾಡಿ ಹೊರಡೋಕೆ ತಯಾರಿ ಮಾಡೋವಾಗ್ಲೂ ಅಷ್ಟೇ. ಅಲ್ಲಿ ಬರೆದಿರೋದು "ಬಳಸಬಾರ್ದು" ಅಂತ ಮಾತ್ರ ಅಲ್ಲ, "ಆಫ್ ಮಾಡಿರ್ಬೇಕು" ಅಂತ. ಈ ಒಂದು ಪದಕ್ಕೇ ಜಗಳ ಎಲ್ಲಾ.

ಈ ರೂಲು ಹುಟ್ಟಿದ್ದು ಹೆಣಗಳ ಮೇಲೆ. 2002ರ ಮೇ 28ಕ್ಕೆ ಟೆಕ್ಸಸ್‌ನ ಕ್ಲಾರೆಂಡನ್ ಹತ್ರ ಎರಡು ಗೂಡ್ಸ್ ಗಾಡಿ ಮುಖಾಮುಖಿ ಡಿಕ್ಕಿ ಆದ್ವು, ಕಲ್ಲಿದ್ದಲು ಗಾಡಿಯ ಇಂಜಿನಿಯರ್ ತನ್ನ ಟ್ರ್ಯಾಕ್ ವಾರಂಟ್ (ಎಲ್ಲೀ ತನಕ ಹೋಗಬಹುದು ಅನ್ನೋ ಅನುಮತಿ) ಕಡೆ ಗಮನ ಕೊಡ್ಬೇಕಾದ ಹೊತ್ತಲ್ಲಿ ಮೊಬೈಲಲ್ಲಿ ಮಾತಾಡ್ತಿದ್ದ, ಎದುರು ಗಾಡಿಯ ಇಂಜಿನಿಯರ್ ಸತ್ತ. ಅಪಘಾತ ತನಿಖೆ ಮಾಡೋ ಎನ್‌ಟಿಎಸ್‌ಬಿ 2003ರಲ್ಲೇ, ಕ್ಯಾಬಲ್ಲಿ (ಇಂಜಿನಿಯರ್ ಕೂತು ಗಾಡಿ ಓಡಿಸೋ ಕೋಣೆ) ಮೊಬೈಲ್ ಬಳಕೆಗೆ ಒಂದು ನಿಯಮ ಮಾಡಿ ಅಂತ ಬರೆದು ಕೊಟ್ತು. ಐದು ವರ್ಷ ಏನೂ ಆಗ್ಲಿಲ್ಲ.

ಆಮೇಲೆ ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್. 2008ರ ಸೆಪ್ಟೆಂಬರ್ 12, ಶುಕ್ರವಾರ ಸಂಜೆ, ಲಾಸ್ ಏಂಜಲೀಸ್‌ನಿಂದ ಕೆಲಸ ಮುಗಿಸಿ ಮನೆಗೆ ಹೋಗೋರು ತುಂಬಿದ್ದ ಮೆಟ್ರೋಲಿಂಕ್ ಗಾಡಿ ನಂಬರ್ 111, ಕ್ಯಾಬಲ್ಲಿ ಇಂಜಿನಿಯರ್ ಒಬ್ಬನೇ, ಕಂಡಕ್ಟರ್ ಹಿಂದೆ ಬೋಗಿಯಲ್ಲಿ. ಸಿಂಗಲ್ ಲೈನು. ಟೋಪಾಂಗಾ ಅನ್ನೋ ಕಂಟ್ರೋಲ್ ಪಾಯಿಂಟಲ್ಲಿ ಕೆಂಪು ಸಿಗ್ನಲ್ ದಾಟ್ಕೊಂಡು, ತನಗಲ್ಲದ ಸ್ವಿಚ್ ಮೇಲೆ ಹತ್ತಿಸ್ಕೊಂಡು ಹೋದ, ಎದುರು ಸುರಂಗ ದಾಟಿ ಯೂನಿಯನ್ ಪೆಸಿಫಿಕ್ ಗೂಡ್ಸ್ ಬರ್ತಾ ಇತ್ತು. ಗೂಡ್ಸ್‌ನೋರು ಕೊನೇ ಎರಡು ಸೆಕೆಂಡಲ್ಲಿ ಎಮರ್ಜೆನ್ಸಿ ಬ್ರೇಕ್ ಹಾಕಿದ್ರು, ಮೆಟ್ರೋಲಿಂಕ್‌ನಲ್ಲಿ ಬ್ರೇಕೇ ಬೀಳ್ಲಿಲ್ಲ. 25 ಜನ ಹೋದ್ರು, ನೂರಕ್ಕೂ ಮೇಲೆ ಗಾಯಾಳುಗಳು. ಫೋನ್ ಕಂಪನಿ ದಾಖಲೆ ತೆಗೆಸಿ ನೋಡಿದ್ರೆ ಆತ ಕೊನೇ ಮೆಸೇಜ್ ಕಳ್ಸಿದ್ದು 4 ಗಂಟೆ 22 ನಿಮಿಷ 1 ಸೆಕೆಂಡಿಗೆ, ಡಿಕ್ಕಿ ಆಗಿದ್ದು 4 ಗಂಟೆ 22 ನಿಮಿಷ 23 ಸೆಕೆಂಡಿಗೆ.

ಈ 22 ಸೆಕೆಂಡನ್ನ ಬೋರ್ಡ್ ಮೇಲೆ ಬರೀತೀನಿ ನಾನು. ಗಂಟೆಗೆ 40 ಮೈಲಿ ಮೇಲ್ಪಟ್ಟ ವೇಗ ಅಂದ್ರೆ 22 ಸೆಕೆಂಡಿಗೆ ಸುಮಾರು 400 ಮೀಟರ್. ಮೆಸೇಜ್ ಹೋಗಿ ಆಗಿತ್ತು, ಆದ್ರೂ ಇನ್ನೂ 400 ಮೀಟರ್ ದೂರ ಗಾಡಿ ಹೋಗಿದೆ, ಅಷ್ಟರಲ್ಲಿ ಒಂದ್ಸಲನೂ ಕೈ ಬ್ರೇಕಿಗೆ ಹೋಗಿಲ್ಲ. ಕಣ್ಣು ಎತ್ತಿದ್ನೋ ಇಲ್ವೋ ಯಾರಿಗೂ ಗೊತ್ತಿಲ್ಲ, ಆದ್ರೆ ಎತ್ತಿದ್ರೂ ಮನಸ್ಸು ಹಿಂದೆ ಬರೋಕೆ ಟೈಮ್ ಬೇಕು ಅನ್ನೋದು ನನ್ನ ಅನುಭವ.

ಇನ್ನೊಂದು ವಿಷ್ಯ ಜನಕ್ಕೆ ಗೊತ್ತಿರಲ್ಲ, ಮೆಟ್ರೋಲಿಂಕ್‌ನಲ್ಲಿ ಅವತ್ತಿಗಾಗ್ಲೇ ಕ್ಯಾಬಲ್ಲಿ ಫೋನ್ ಬಳಸಬಾರ್ದು ಅಂತ ರೂಲ್ ಇತ್ತು, ಆ ಮನುಷ್ಯನಿಗೆ ಮೊದ್ಲೇ ವಾರ್ನಿಂಗೂ ಆಗಿತ್ತು. ಅಂದ್ರೆ ಪೇಪರ್ ಮೇಲೆ ಎಲ್ಲಾ ಸರಿಯಾಗೇ ಇತ್ತು. ಅಕ್ಟೋಬರ್ 1ಕ್ಕೆ ಫೆಡರಲ್‌ನೋರು ಎಮರ್ಜೆನ್ಸಿ ಆರ್ಡರ್ 26 ಅಂತ ಹೊರಡಿಸಿದ್ರು, ಅದು ಅದೇ ತಿಂಗಳು 27ಕ್ಕೆ ಜಾರಿಗೆ ಬಂತು, ಐದು ವರ್ಷ ಆಗದೇ ಇದ್ದಿದ್ದು ಮೂರೇ ವಾರದಲ್ಲಿ ಆಯ್ತು. 2010ರಲ್ಲಿ ಪಕ್ಕಾ ನಿಯಮ ಆಯ್ತು, 2011ರ ಮಾರ್ಚ್‌ನಿಂದ ಜಾರಿ.

ಈಗ ಸೈಲೆಂಟ್ ವಿಚಾರಕ್ಕೆ ಬರೋಣ. ನನ್ನದೇ ಒಂದು ಕಥೆ ಹೇಳ್ತೀನಿ, ಇದರಲ್ಲಿ ನಾನು ಒಂದೂ ರೂಲ್ ಮುರಿದಿಲ್ಲ, ಅದಕ್ಕೇ ಹೇಳ್ತಿರೋದು. ಒಂದು ರಾತ್ರಿ ಸೈಡಿಂಗಲ್ಲಿ (ಗಾಡಿಗಳು ಒಂದನ್ನೊಂದು ದಾಟೋಕೆ ಇರೋ ಪಕ್ಕದ ಹಳಿ) ಎದುರು ಗಾಡಿಗೆ ಕಾಯ್ತಾ ನಿಂತಿದ್ವಿ. ಗಾಡಿ ನಿಂತಿದೆ, ಯಾರೂ ಕೆಳಗಿಳಿದಿಲ್ಲ, ಆಗ ಫೋನ್ ನೋಡೋಕೆ ಫೆಡರಲ್ ನಿಯಮ ಅಡ್ಡಿ ಮಾಡಲ್ಲ (ಕೆಲವು ಕಂಪನಿಗಳ ಸ್ವಂತ ರೂಲು ಅದಕ್ಕಿಂತ ಬಿಗಿ ಇರತ್ತೆ). ಆನ್ ಮಾಡಿದೆ. ಅಣ್ಣನಿಂದ ಉದ್ದಕ್ಕೆ ಒಂದು ವಾಟ್ಸಾಪ್ ಮೆಸೇಜು, ಜಮೀನು ಭಾಗದ ವಿಚಾರ, ಓದ್ತಾ ಓದ್ತಾ ಮೈ ಉರಿದು ಹೋಯ್ತು. ಅಷ್ಟರಲ್ಲಿ ಎದುರು ಗಾಡಿ ಹೋಯ್ತು, ನಮಗೆ ಸಿಗ್ನಲ್ ಸಿಕ್ತು, ಫೋನ್ ಆಫ್ ಮಾಡಿ ಬ್ಯಾಗಲ್ಲಿ ಹಾಕಿ ಹೊರಟ್ವಿ. ಹತ್ತು ನಿಮಿಷ ಆಗಿರ್ಬೇಕು, ಪಕ್ಕದಲ್ಲಿದ್ದ ಕಂಡಕ್ಟರ್, ನನಗಿಂತ ಇಪ್ಪತ್ತು ವರ್ಷ ಸೀನಿಯರ್, ಕತ್ತಲಲ್ಲಿ ಮೆಲ್ಲಗೆ ಕೇಳ್ದ, "ಹಿಂದಿನ ಸಿಗ್ನಲ್ ಏನಿತ್ತು ನಮಗೆ?"

ನನಗೆ ಜ್ಞಾಪಕ ಇಲ್ಲ. ಇದ್ದಿದ್ದು ಹಳದಿ, ಅಂದ್ರೆ ಅಪ್ರೋಚ್, ಮುಂದಿನ ಸಿಗ್ನಲ್‌ನಲ್ಲಿ ನಿಲ್ಲೋಕೆ ತಯಾರಾಗಿ ಬಾ ಅಂತ ಅರ್ಥ. ಅವನು ಜೋರಾಗಿ ಹೇಳಿದ್ದ, ನಾನೇ "ಅಪ್ರೋಚ್" ಅಂತ ವಾಪಸ್ ಹೇಳಿದ್ದೆ, ಬಾಯಿ ಹೇಳಿದೆ, ತಲೆ ಇನ್ನೂ ಅಣ್ಣನ ಜೊತೆ ಜಗಳ ಆಡ್ತಾ ಇತ್ತು. ಬ್ರೇಕ್ ಹಿಡಿದೆ, ಟೈಮಿಗೆ ಸರಿಯಾಗಿ ನಿಂತ್ವಿ, ಏನೂ ಆಗ್ಲಿಲ್ಲ. ಅವನು ಆ ಪ್ರಶ್ನೆ ಕೇಳದೇ ಇದ್ದಿದ್ರೆ ಅನ್ನೋದನ್ನ ನಾನು ತುಂಬಾ ಯೋಚ್ನೆ ಮಾಡೋಕೆ ಹೋಗಲ್ಲ.

ಫೋನು ಆಫ್ ಆಗಿದ್ರೂ ಹಿಂಗಾಗತ್ತೆ ಅಂದ್ರೆ ಜೇಬಲ್ಲಿ ಒಂದ್ಸಲ ಗುಂಯ್ ಅಂದ್ರೆ ಸಾಕಲ್ವಾ. ಸೈಲೆಂಟ್ ಅಂತ ಇಟ್ಟಿರೋ ಫೋನು ತೊಡೆ ಮೇಲೆ ನಡುಗತ್ತೆ, ನೀವು ತೆಗೆದು ನೋಡಲ್ಲ, ತುಂಬಾ ಶಿಸ್ತಿನ ಮನುಷ್ಯರು, ಆದ್ರೆ ಯಾರಿರ್ಬೋದು, ಮಗೂಗೆ ಜ್ವರ ಇತ್ತಲ್ಲ, ಬ್ಯಾಂಕ್‌ನೋರಾ, ಅಂತ ತಲೆ ಶುರು ಮಾಡ್ಕೊಂಡಾಗಿದೆ. ಕೈ ಥ್ರಾಟಲ್ ಮೇಲೇ ಇರತ್ತೆ, ಕಣ್ಣು ಹಳಿ ಮೇಲೇ ಇರತ್ತೆ, ಸಿಗ್ನಲ್ ಮಾತ್ರ ಒಳಗೆ ಹೋಗಲ್ಲ. ಆ ಮೊದಲನೇ ಗುಂಯ್ ಅನ್ನೋದೇ ಬರಬಾರ್ದು ಅಂದ್ರೆ ಆಫ್ ಮಾಡೋದು ಬಿಟ್ರೆ ಬೇರೆ ದಾರಿ ಇಲ್ಲ.

ಯಾರ್ಡಲ್ಲಿ ಒಂದ್ಸಲ ಒಬ್ಬ ಟ್ರೈನಿ ಹುಡ್ಗ, ಒಳ್ಳೇ ಹುಡ್ಗನೇ, ಫೋನ್ ಲಾಕರಲ್ಲಿ ಇಟ್ಟು ಬಂದಿದ್ದ, ವ್ಯಾಗನ್ ಏಣಿ ಹಿಡ್ಕೊಂಡು ಪಕ್ಕದಲ್ಲಿ ಸವಾರಿ ಮಾಡ್ತಾ ರೇಡಿಯೋದಲ್ಲಿ ಇಂಜಿನಿಯರ್‌ಗೆ ದೂರ ಹೇಳ್ತಾ ಇದ್ದ, ಹತ್ತು ಕಾರ್, ಎಂಟು ಕಾರ್, ಆರು ಕಾರ್ ಅಂತ (ಕಾರ್ ಅಂದ್ರೆ ಇಲ್ಲಿ ಒಂದು ವ್ಯಾಗನ್ ಉದ್ದ). ಆರು ಆದ್ಮೇಲೆ ಸುಮ್ನಾದ. ನೋಡಿದ್ರೆ ಏಣಿ ಹಿಡಿದಿದ್ದ ಎಡಗೈ ಮಣಿಕಟ್ಟು ತಿರುಗಿಸಿ ವಾಚ್ ನೋಡ್ತಿದಾನೆ, ಸ್ಮಾರ್ಟ್‌ವಾಚು, ಏನೋ ಮೆಸೇಜ್ ಹೊಳೀತಾ ಇದೆ. ನಮ್ಮ ಪದ್ಧತೀಲಿ ಹೇಳಿದ ದೂರದ ಅರ್ಧ ಹೋಗೋದ್ರೊಳಗೆ ಮುಂದಿನ ಮಾತು ಬರ್ಲಿಲ್ಲ ಅಂದ್ರೆ ಇಂಜಿನಿಯರ್ ನಿಲ್ಲಿಸ್ಲೇಬೇಕು, ಅವನು ನಿಲ್ಲಿಸಿದ. ಹುಡ್ಗನ ವಾದ, ನಿಯಮದಲ್ಲಿ ವಾಚಿಗೆ ವಿನಾಯಿತಿ ಇದೆಯಲ್ಲ ಅಂತ. ಇದೆ, ಆದ್ರೆ ಟೈಮ್ ತೋರ್ಸೋದು ಬಿಟ್ರೆ ಬೇರೇನೂ ಮಾಡದೇ ಇರೋ ಡಿಜಿಟಲ್ ವಾಚಿಗೆ ಮಾತ್ರ. ಮೆಸೇಜ್ ತೋರ್ಸೋ ವಾಚು ಫೋನೇ.

ಬೇರೆ ವಿನಾಯಿತಿಗಳೂ ಇವೆ, ಒಂದೊಂದಾಗಿ ಹೇಳೋಷ್ಟು ಏನಿಲ್ಲ. ಎಮರ್ಜೆನ್ಸಿ ಆದ್ರೆ ಯಾವ ಫೋನ್ ಬೇಕಾದ್ರೂ ಎತ್ತಬಹುದು, ರೇಡಿಯೋ ಕೆಟ್ರೆ ಬಳಸಬಹುದು, ವೈದ್ಯಕೀಯ ಸಾಧನಗಳಿಗೆ ಅವಕಾಶ ಇದೆ, ಬೇರೇನೂ ಮಾಡದ ಬರೀ ಕ್ಯಾಲ್ಕುಲೇಟರನ್ನ ಡ್ಯೂಟಿ ಕೆಲಸಕ್ಕೆ ಬಳಸಬಹುದು. ಒಂದು ಮಾತ್ರ ಜನ ಎಡವೋದು ಫೋಟೋ ವಿಚಾರದಲ್ಲಿ. ಹಳಿ ಪಕ್ಕ ಏನೋ ಅಪಾಯ ಕಾಣ್ತು ಅಂದ್ರೆ ಫೋಟೋ ತೆಗೀಬಹುದು, ಆದ್ರೆ ಬರೀ ಕ್ಯಾಮೆರಾ ಆಗಿರ್ಬೇಕು, ಇಲ್ಲಾ ಕಂಪನಿ ಕೊಟ್ಟ ಸಾಧನ ಆಗಿರ್ಬೇಕು, ನಿಮ್ಮ ಸ್ವಂತ ಫೋನಿನ ಕ್ಯಾಮೆರಾ ನಡೆಯಲ್ಲ, ಓಡೋ ಗಾಡೀಲಾದ್ರೆ ಇಂಜಿನಿಯರ್ ಅಂತೂ ತೆಗೆಯೋ ಹಾಗೇ ಇಲ್ಲ. ಈ ಕಾಲದಲ್ಲಿ ಬರೀ ಕ್ಯಾಮೆರಾ ಯಾರ ಹತ್ರ ಇದೆ ಅಂತ ಕ್ಲಾಸಲ್ಲಿ ನಗ್ತಾರೆ, ನಗ್ಲಿ.

ನನಗೆ ಸಿಟ್ಟು ಬರೋದು ಇನ್ನೊಂದು ಕಡೆ. ನಾನು ಕೆಲಸ ಮಾಡಿದ ಒಂದು ಕಂಪನಿ, ಹೆಸ್ರು ಬೇಡ, ಗೋಡೆ ತುಂಬಾ ಫೋನ್ ಆಫ್ ಮಾಡಿ ಅಂತ ಪೋಸ್ಟರ್ ಅಂಟಿಸಿ ಆಮೇಲೆ ಕಂಡಕ್ಟರ್ ಕೈಗೆ ಒಂದು ಟ್ಯಾಬ್ಲೆಟ್ ಕೊಟ್ತು, ಯಾವ ವ್ಯಾಗನ್ ಎಲ್ಲಿ ಬಿಟ್ಟೆ ಅಂತ ತಕ್ಷಣ ಅದರಲ್ಲಿ ಒತ್ತಬೇಕು, ತಡ ಆದ್ರೆ ಆಫೀಸಿಂದ ವಿಚಾರಣೆ. ಕಾನೂನು ಪ್ರಕಾರ ಕಂಪನಿ ಕೊಟ್ಟ ಸಾಧನವನ್ನ ಓಡೋ ಗಾಡೀಲಿ ಇಂಜಿನಿಯರ್ ಮುಟ್ಟಂಗಿಲ್ಲ, ಕ್ಯಾಬಲ್ಲಿರೋ ಬೇರೆಯೋರು ಬಳಸ್ಬೇಕಾದ್ರೆ ಮೊದಲು ಎಲ್ರೂ ಸೇರಿ ಜಾಬ್ ಬ್ರೀಫಿಂಗ್ ಮಾಡಿ, ಈಗ ಬಳಸೋದು ಸುರಕ್ಷಿತ ಅಂತ ಒಪ್ಪಿರ್ಬೇಕು. ಆ ಬ್ರೀಫಿಂಗ್ ಎಷ್ಟು ಸಲ ನಿಜವಾಗಿ ಆಗತ್ತೆ ಅಂತ ನನ್ನ ಕೇಳ್ಬೇಡಿ. ನನ್ನ ಅಭಿಪ್ರಾಯದಲ್ಲಿ ಮೆದುಳಿಗೆ ಸ್ವಂತ ಫೋನು, ಕಂಪನಿ ಫೋನು ಅಂತ ವ್ಯತ್ಯಾಸ ಇಲ್ಲ. 2013ರ ಜುಲೈ 24ಕ್ಕೆ ಸ್ಪೇನ್‌ನ ಸ್ಯಾಂಟಿಯಾಗೊ ಹತ್ರ 80 ಕಿಲೋಮೀಟರ್ ಮಿತಿ ಇದ್ದ ತಿರುವಿಗೆ ಗಾಡಿ 179ರಲ್ಲಿ ನುಗ್ಗಿತು, ಸುಮಾರು 80 ಜನ ಸತ್ರು, ಡ್ರೈವರ್ ಅದಕ್ಕೆ ಸ್ವಲ್ಪ ಮುಂಚೆ ತನಕ ಮಾತಾಡ್ತಾ ಇದ್ದಿದ್ದು ಡ್ಯೂಟಿ ಫೋನಲ್ಲಿ, ಅದೇ ಗಾಡಿಯ ಸಿಬ್ಬಂದಿ ಜೊತೆ, ಡ್ಯೂಟಿ ವಿಚಾರವೇ.

ಹಂಗಂತ ಎಲ್ಲದಕ್ಕೂ ಫೋನನ್ನೇ ಕಾರಣ ಮಾಡೋದೂ ತಪ್ಪು. 2015ರ ಮೇ 12ಕ್ಕೆ ಫಿಲಡೆಲ್ಫಿಯಾದಲ್ಲಿ ಆಮ್‌ಟ್ರಾಕ್ 188 ಹಳಿ ತಪ್ಪಿ 8 ಜನ ತೀರ್ಕೊಂಡಾಗ ಟೀವಿಯೋರೆಲ್ಲ ಮೊದಲು ಕೇಳಿದ್ದು ಇಂಜಿನಿಯರ್ ಫೋನಲ್ಲಿದ್ನಾ ಅಂತಾನೇ. ಇರ್ಲಿಲ್ಲ, ತನಿಖೆಯಲ್ಲಿ ಅದು ಖಚಿತ ಆಯ್ತು. ಪಕ್ಕದ ಇನ್ನೊಂದು ಗಾಡಿಗೆ ಯಾರೋ ಕಲ್ಲು ಹೊಡೆದಿದ್ರು, ಆ ಬಗ್ಗೆ ರೇಡಿಯೋದಲ್ಲಿ ಮಾತುಕತೆ ನಡೀತಿತ್ತು, ಅದನ್ನ ಕೇಳ್ತಾ ಕೇಳ್ತಾ ತಾನು ಎಲ್ಲಿದೀನಿ ಅನ್ನೋದೇ ತಪ್ಪಿ ಹೋಗಿ 50 ಮೈಲಿ ತಿರುವಿಗೆ 106ರಲ್ಲಿ ಹೋದ. ಕೇಳಲೇಬೇಕಾದ ರೇಡಿಯೋನೇ ಇಷ್ಟು ಮಾಡತ್ತೆ.

ಈಗಿನ ಹುಡುಗ್ರು ಇನ್ನೊಂದು ಹೇಳ್ತಾರೆ, ಪಾಸಿಟಿವ್ ಟ್ರೇನ್ ಕಂಟ್ರೋಲ್ ಬಂದಿದೆಯಲ್ಲ, ಕೆಂಪು ದಾಟೋಕೆ ಹೋದ್ರೆ ಅದೇ ನಿಲ್ಲಿಸತ್ತೆ ಅಂತ. ನಿಜ, ಚಾಟ್ಸ್‌ವರ್ತ್ ಆದ್ಮೇಲೇ ಸಂಸತ್ತು ಅದನ್ನ ಕಡ್ಡಾಯ ಮಾಡಿದ್ದು, ಮುಗಿದಿದ್ದು 2020ರ ಕೊನೇಲಿ. ಆದ್ರೆ ಅದಕ್ಕೆ ಲೆವೆಲ್ ಕ್ರಾಸಿಂಗಲ್ಲಿ ಸಿಕ್ಕಾಕ್ಕೊಂಡ ಲಾರಿ ಕಾಣಲ್ಲ, ಎರಡು ವ್ಯಾಗನ್ ಮಧ್ಯ ಹೋಸ್ ಜೋಡಿಸ್ತಾ ನಿಂತಿರೋ ಮನುಷ್ಯ ಕಾಣಲ್ಲ, ಯಾರ್ಡ್ ಒಳಗೆ ಬಹುತೇಕ ಅದು ಇರೋದೇ ಇಲ್ಲ.

ಹಿಡಿಯೋದು ಹೆಂಗೆ ಅಂತ ಕೇಳಿದ್ರೆ, ಮೇಲಧಿಕಾರಿಗಳು ಆಗಾಗ ತಪಾಸಣೆಗೆ ಬರ್ತಾರೆ, ಫೋನ್ ಆಫ್ ಇದೆಯಾ ತೋರ್ಸು ಅಂತಾರೆ. ಆದ್ರೆ ಗಾಡಿ ಓಡೋವಾಗ ನಿಮ್ಮ ಫೋನಿಗೆ ಕಾಲ್ ಮಾಡಿ ರಿಂಗ್ ಆಗತ್ತಾ ಅಂತ ಪರೀಕ್ಷೆ ಮಾಡೋ ಹಾಗಿಲ್ಲ, ಅದನ್ನ ನಿಯಮದಲ್ಲೇ ನಿಷೇಧಿಸಿದಾರೆ, ಯಾರೋ ಬುದ್ಧಿ ಇರೋರು ಬರೆದಿದಾರೆ ಅನ್ಸತ್ತೆ. ಪ್ಯಾಸೆಂಜರ್ ಗಾಡಿಗಳ ಕ್ಯಾಬಿಗೆ ಒಳಮುಖದ ಕ್ಯಾಮೆರಾ ಕಡ್ಡಾಯ ಅಂತ 2023ರಲ್ಲಿ ನಿಯಮ ಆಯ್ತು, ಗೂಡ್ಸ್‌ಗೆ ಕಡ್ಡಾಯ ಇಲ್ಲ. ಅಪಘಾತ ಆದ್ರೆ ಫೋನ್ ದಾಖಲೆ ಸೆಕೆಂಡ್ ಲೆಕ್ಕದಲ್ಲಿ ಹೊರಗೆ ಬರತ್ತೆ, ಬೇಕಂತ್ಲೇ ನಿಯಮ ಮುರಿದ್ರೆ ಕಂಪನಿಗೆ ಮಾತ್ರ ಅಲ್ಲ ಆ ವ್ಯಕ್ತಿಗೂ ದಂಡ ಹಾಕಬಹುದು.

ಕ್ಲಾಸಲ್ಲಿ ನಾನು ಹೆಚ್ಚು ಹೊತ್ತು ಕಳೆಯೋದು ಮನೆಯೋರ ವಿಚಾರದಲ್ಲಿ. ಹೊಸಬರು ಫೋನ್ ಆಫ್ ಮಾಡದೇ ಇರೋದು ಆಟ ಆಡೋಕಲ್ಲ, ಮನೇಲಿ ಏನಾದ್ರೂ ಆದ್ರೆ ಗೊತ್ತಾಗಲ್ವಲ್ಲ ಅನ್ನೋ ಭಯಕ್ಕೆ, ಹನ್ನೆರಡು ಗಂಟೆ ಡ್ಯೂಟಿ, ಯಾವ ಹೊತ್ತಿಗೆ ಕರೀತಾರೋ ಗೊತ್ತಿಲ್ಲ. ಅದಕ್ಕೆ ಕ್ರ್ಯೂ ಆಫೀಸ್ ನಂಬರನ್ನ ಮನೆಯೋರಿಗೆ ಕೊಟ್ಟಿಡಿ, ಫ್ರಿಡ್ಜ್ ಮೇಲೆ ಅಂಟಿಸಿ, ಅರ್ಜೆಂಟ್ ಇದ್ರೆ ಅಲ್ಲಿಗೆ ಹೇಳಿದ್ರೆ ಗಾಡಿಗಳ ಓಡಾಟ ನಿಯಂತ್ರಿಸೋ ಡಿಸ್ಪ್ಯಾಚರ್ ರೇಡಿಯೋದಲ್ಲಿ ತಿಳಿಸ್ತಾನೆ ಅಂತೀನಿ. ನಾನೂ ಹಂಗೇ ಮಾಡಿದ್ದೆ. ಒಂದ್ಸಲ ಚಳಿಗಾಲದ ಬೆಳಗಿನ ಜಾವ ಡಿಸ್ಪ್ಯಾಚರ್ ಕರೆದ, ಮುಂದಿನ ಸೈಡಿಂಗಲ್ಲಿ ನಿಂತ್ಕೊಂಡು ಮನೆಗೆ ಫೋನ್ ಮಾಡು ಅಂದ. ಆ ಆರು ಮೈಲಿ ಹೆಂಗೆ ಓಡಿಸಿದ್ನೋ, ಕಂಡಕ್ಟರ್ ಪ್ರತಿ ಸಿಗ್ನಲ್ಲನ್ನ ಎರಡೆರಡು ಸಲ ಹೇಳ್ದ. ನಿಲ್ಲಿಸಿ, ಬ್ರೇಕ್ ಕಟ್ಟಿ, ಬ್ಯಾಗಿನ ತಳದಿಂದ ಫೋನ್ ತೆಗೆದು ಆನ್ ಮಾಡಿದ್ರೆ ಅದು ಶುರು ಆಗೋಕೇ ಒಂದು ನಿಮಿಷ ತಗೊಂತು. ಹೆಂಡ್ತಿ ಒಂದೇ ರಿಂಗಿಗೆ ಎತ್ತಿ ಕೇಳಿದ್ಲು, "ರೀ, ಕಾರ್ ಕೀ ನಿಮ್ಮ ಜೇಬಲ್ಲೇ ಹೋಯ್ತಾ?"

ಹೋಗಿತ್ತು. ಅವತ್ತು ಮನೆಗೆ ಹೋದ್ಮೇಲೆ ಇಬ್ರೂ ಕೂತು ಅರ್ಜೆಂಟ್ ಅಂದ್ರೆ ಏನೇನು ಅಂತ ಒಂದು ಪಟ್ಟಿ ಮಾಡಿ ಫ್ರಿಡ್ಜ್ ಮೇಲಿನ ನಂಬರ್ ಕೆಳಗೆ ಅಂಟಿಸಿದ್ವಿ.