ಹೆದರುತ್ತಿದ್ದ ಡಿಫೆಂಡರ್ ಕೈಗೆ ಹುಡುಗರನ್ನು ಕೊಡಬಹುದಾ?

ಪ್ರಶ್ನೆ: ಪಂದ್ಯಕ್ಕೆ ಮುಂಚೆ ಹೊಟ್ಟೆ ತೊಳಸುತ್ತಿತ್ತು ಎಂದು ಒಪ್ಪಿಕೊಂಡವರು ಜರ್ಮನಿಯ ಫುಟ್ಬಾಲ್ ಡಿಫೆಂಡರ್ ಪೆರ್ ಮೆರ್ಟೆಸಾಕರ್. ಅವರಿಗೆ ಲಂಡನ್ನಿನ ಆರ್ಸೆನಲ್ ಕ್ಲಬ್ ಎಳೆಯ ಆಟಗಾರರನ್ನು ಬೆಳೆಸುವ ತನ್ನ ಅಕಾಡೆಮಿ ಒಪ್ಪಿಸಿದ್ದು ಸರಿಯಾ?

ಈ ಪ್ರಶ್ನೆ ಎತ್ತಿದವರಲ್ಲಿ 1990ರ ವಿಶ್ವಕಪ್ ಗೆದ್ದ ಜರ್ಮನ್ ನಾಯಕ ಲೋಥರ್ ಮಥೇಯಸ್ ಕೂಡ ಒಬ್ಬರು. ಇಂಥ ಮಾತಾಡಿದವರು ಎಳೆಯರಿಗೆ ಏನು ಕಲಿಸುತ್ತಾರೆ ಎಂಬುದು ಅವರ ತಕರಾರು. ನನಗೆ ಮಾತ್ರ ಉಲ್ಟಾ ಅನಿಸುತ್ತದೆ.

ಮೆರ್ಟೆಸಾಕರ್ ಸಾಧನೆ ಕಡಿಮೆಯೇನಲ್ಲ. ಜರ್ಮನಿಯ ಹಾನೋವರ್, ವೆರ್ಡರ್ ಬ್ರೆಮೆನ್ ಕ್ಲಬ್‌ಗಳು, 2011ರಿಂದ ಆರ್ಸೆನಲ್. ಜರ್ಮನಿಗೆ 104 ಪಂದ್ಯ, 2014ರ ವಿಶ್ವಕಪ್ ಗೆಲುವು. ಎತ್ತರ 1.98 ಮೀಟರ್, ಓಟ ಸ್ವಲ್ಪ ನಿಧಾನ. ಆ ಕೊರತೆಯನ್ನು ನಿಲ್ಲುವ ಜಾಗ ಸರಿಯಾಗಿ ಆರಿಸಿಕೊಂಡು ತುಂಬಿಕೊಂಡರು.

2018ರ ಮಾರ್ಚ್‌ನಲ್ಲಿ, ಇನ್ನೂ ಆಟಗಾರರಾಗಿದ್ದಾಗಲೇ, ಅವರು 'ಡೆರ್ ಸ್ಪೀಗಲ್' ಪತ್ರಿಕೆಗೆ ಮನಸ್ಸು ಬಿಚ್ಚಿ ಹೇಳಿದರು. ಪಂದ್ಯದ ದಿನ ಬೆಳಗ್ಗೆ ಭೇದಿ. ಆಟ ಶುರುವಾಗುವ ಕ್ಷಣದಲ್ಲಿ ವಾಂತಿ ಬಂದಂತಾಗುವುದು. ಯಾರಿಗೂ ಕಾಣದಿರಲಿ ಎಂದು ಮುಖ ಆಚೆ ತಿರುಗಿಸುತ್ತಿದ್ದರಂತೆ. 2006ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಟಲಿ ಎದುರು ಜರ್ಮನಿ ಸೋತಾಗ ಇಡೀ ದೇಶ ಅಳುತ್ತಿತ್ತು. 21ರ ಈ ಹುಡುಗನಿಗೆ ಬೇಸರದ ಜೊತೆಗೆ 'ಸದ್ಯ, ಮುಗೀತಲ್ಲ' ಅನ್ನುವ ನಿರಾಳ!

ಹಾಗಂತ ಒತ್ತಡಕ್ಕೆ ಕುಸಿಯುವವರಾ? 2017ರ ಎಫ್‌ಎ ಕಪ್ ಫೈನಲ್ ನೋಡಿ. ಆ ಸೀಸನ್ನಿನಲ್ಲಿ ಒಂದೇ ಒಂದು ಪಂದ್ಯಕ್ಕೆ, ಅದೂ ಬದಲಿ ಆಟಗಾರರಾಗಿ ಇಳಿದಿದ್ದರು. ಉಳಿದ ಡಿಫೆಂಡರ್‌ಗಳು ಸಿಗದೆ, ವೆಂಬ್ಲಿಯಲ್ಲಿ ಚೆಲ್ಸಿ ಎದುರು ಇವರನ್ನೇ ಆಡಿಸಬೇಕಾಯಿತು. ಆರ್ಸೆನಲ್ 2-1ರಿಂದ ಗೆದ್ದಿತು. ಅವತ್ತು ಮೆರ್ಟೆಸಾಕರ್ ಗೋಡೆ ಹಾಗೆ ನಿಂತಿದ್ದರು.

2018ರ ಬೇಸಿಗೆಯಲ್ಲಿ ಅವರು ಅಕಾಡೆಮಿ ಮ್ಯಾನೇಜರ್ ಆದರು. ಇದು ಗೆರೆಯಾಚೆ ನಿಂತು ಕೂಗುವ ಕೋಚ್ ಕೆಲಸ ಅಲ್ಲ. ಲಂಡನ್ನಿನ ಹೇಲ್ ಎಂಡ್‌ನಲ್ಲಿ ಬೆಳೆಯುವ ಮಕ್ಕಳ ತರಬೇತಿ, ಓದು, ಮನಸ್ಸು ಎಲ್ಲದರ ಉಸ್ತುವಾರಿ. 2019ರ ಕೊನೆಗೆ ಕೆಲವು ವಾರ ಹಂಗಾಮಿ ಕೋಚ್ ಫ್ರೆಡ್ಡಿ ಯೂಂಗ್‌ಬೆರಿಗೆ ಸಹಾಯಕರಾಗಿ ಮೊದಲ ತಂಡದ ಜೊತೆ ಇದ್ದರು, ಆಮೇಲೆ ಮತ್ತೆ ಹುಡುಗರ ಬಳಿಗೇ.

ಅಕಾಡೆಮಿಯಿಂದ ಬಂದ ತಾರೆ ಬುಕಾಯೊ ಸಾಕಾ ಹೆಸರನ್ನು ಅವರ ಲೆಕ್ಕಕ್ಕೆ ಸೇರಿಸುವವರಿದ್ದಾರೆ. ಅದು ಸುಮ್ನೆ. ಸಾಕಾ ಏಳು ವರ್ಷದವನಿದ್ದಾಗಲೇ ಅಲ್ಲಿ ಸೇರಿದ್ದ. ಆದರೆ 2022ರಲ್ಲಿ ಈಥನ್ ನ್ವಾನೇರಿ 15 ವರ್ಷ 181 ದಿನಕ್ಕೇ ಪ್ರೀಮಿಯರ್ ಲೀಗ್ ಮೈದಾನಕ್ಕಿಳಿದಾಗ ಅಕಾಡೆಮಿ ಇವರ ಕೈಯಲ್ಲಿತ್ತು. ಆ ವಯಸ್ಸಿನ ಹುಡುಗನಿಗೆ ಬೆಳಗ್ಗೆಯೇ ಹೊಟ್ಟೆ ಕೆಟ್ಟರೆ, ಅದು ಏನು ಅಂತ ವಿವರಿಸಿ ಹೇಳಬೇಕಾದ ಮನುಷ್ಯ ಇವರೇ ಅಲ್ವಾ?